ಟೈರಿಗೆ ಗಾಳಿ ತುಂಬಿದ ದನದ ಡಾಕ್ಟರ್

ಕಾರು ತಗೊಂಡ ಮೇಲೆ ಮೊದಲು ಏನು ಮಾಡಿಸ್ತೀಯ ಅಂತ ನಮ್ಮಲ್ಲಿ ಯಾರನ್ನ ಕೇಳಿದ್ರೂ ಬರೋ ಉತ್ತರ ಒಂದೇ, ಅಲಾಯ್ ವೀಲ್. ಕಂಪನಿ ಕೊಟ್ಟ 15 ಇಂಚಿನ ಸ್ಟೀಲ್ ರಿಮ್ ತೆಗೆದು 17 ಇಂಚಿನದು ಹಾಕಿಸಬೇಕು, ಗಾಡಿ ಲುಕ್ಕೇ ಬೇರೆ ಆಗಬೇಕು. ಆ ರಿಮ್ ಸುತ್ತ ಇರೋ ರಬ್ಬರ್, ಅದರೊಳಗಿನ ಗಾಳಿ, ಇವೆರಡರ ಬಗ್ಗೆ ನಾವು ಯೋಚನೆ ಮಾಡೋದು ಪಂಕ್ಚರ್ ಆದಾಗ ಮಾತ್ರ.

ಆ ಗಾಳಿಯನ್ನ ಚಕ್ರದೊಳಗೆ ತುಂಬಿ, ಅದು ನಿಜವಾಗ್ಲೂ ಕೆಲಸ ಮಾಡುತ್ತೆ ಅಂತ ಪ್ರಪಂಚಕ್ಕೆ ತೋರಿಸಿದವರು ಒಬ್ಬ ದನದ ಡಾಕ್ಟರ್. ಹೆಸರು ಜಾನ್ ಬಾಯ್ಡ್ ಡನ್ಲಪ್. ಟೈರ್ ಮೇಲೆ ಅವರ ಹೆಸರು ನಾವೆಲ್ಲ ನೋಡಿದ್ದೀವಿ. ಆ ಹೆಸರಿನ ಹಿಂದಿದ್ದ ಮನುಷ್ಯನಿಗೆ ಏನಾಯ್ತು ಅನ್ನೋದು ಮಾತ್ರ ಕಮ್ಮಿ ಜನಕ್ಕೆ ಗೊತ್ತು. ಈ ಸಲ ಅವರ ಕಥೆಯನ್ನೇ ಬರೀತಾ ಇದ್ದೀವಿ. ನಡುವೆ ಟೈರ್ ಸೈಜಿನ ಲೆಕ್ಕವೂ ಬರುತ್ತೆ, ಕ್ಯಾಲ್ಕ್ಯುಲೇಟರ್ ಪಕ್ಕದಲ್ಲಿರಲಿ.

ದೊಡ್ಡ ಚಕ್ರದ ಕಾಲ

ಡನ್ಲಪ್ ಹುಟ್ಟಿದ್ದು 1840ರ ಫೆಬ್ರವರಿ 5ರಂದು, ಸ್ಕಾಟ್ಲೆಂಡ್‌ನ ಡ್ರೆಗ್‌ಹಾರ್ನ್ ಅನ್ನೋ ಊರಲ್ಲಿ, ರೈತರ ಮನೆಯಲ್ಲಿ. ಎಡಿನ್‌ಬರೋದಲ್ಲಿ ಪಶುವೈದ್ಯ ಓದಿದರು. 1867ರಲ್ಲಿ ಐರ್ಲೆಂಡಿಗೆ ಹೋಗಿ ಡೌನ್‌ಪ್ಯಾಟ್ರಿಕ್‌ನಲ್ಲಿ ತಮ್ಮ ಸಹೋದರ ಜೇಮ್ಸ್ ಜೊತೆ ಪ್ರಾಣಿಗಳ ಆಸ್ಪತ್ರೆ ನಡೆಸಿದರು. ಆಮೇಲೆ ಬೆಲ್‌ಫಾಸ್ಟ್‌ಗೆ ಬಂದು ಮೇ ಸ್ಟ್ರೀಟ್‌ನಲ್ಲಿ ನೆಲೆಸಿದರು. 1880ರ ದಶಕದ ಮಧ್ಯದ ಹೊತ್ತಿಗೆ ಅವರ ಪ್ರಾಕ್ಟೀಸ್ ಐರ್ಲೆಂಡಿನಲ್ಲೇ ದೊಡ್ಡದರಲ್ಲಿ ಒಂದಾಗಿತ್ತು. ಮದುವೆಯಾಗಿ ಒಬ್ಬ ಮಗಳು, ಒಬ್ಬ ಮಗ. ವಯಸ್ಸು ನಲವತ್ತು ದಾಟಿತ್ತು. ಜೀವನ ಸೆಟಲ್ ಆಗಿತ್ತು ಅಂತ ನಾವು ಹೇಳಬಹುದಾದ ಸ್ಥಿತಿ.

ಆಗಿನ ಸೈಕಲ್ ಹೇಗಿತ್ತು ಅನ್ನೋದನ್ನ ಇಲ್ಲಿ ಸ್ವಲ್ಪ ನೋಡಬೇಕು. ಹಳೇ ಫೋಟೋಗಳಲ್ಲಿ ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ ಇರೋ ಪೆನ್ನಿ ಫಾರ್ದಿಂಗ್ ಸೈಕಲ್ ನೋಡಿರ್ತೀರಿ. ಅದು ಷೋಕಿಗೆ ಮಾಡಿದ್ದಲ್ಲ. ಪೆಡಲ್ ನೇರವಾಗಿ ಮುಂದಿನ ಚಕ್ರಕ್ಕೇ ಕೂತಿರ್ತಿತ್ತು, ಚೈನ್ ಇರಲಿಲ್ಲ. ಒಂದು ಸಲ ಪೆಡಲ್ ತಿರುಗಿದ್ರೆ ಚಕ್ರವೂ ಒಂದೇ ಸುತ್ತು. ಚಕ್ರ 54 ಇಂಚಿದ್ರೆ ಆ ಒಂದು ಸುತ್ತಿಗೆ ಸುಮಾರು 4.3 ಮೀಟರ್ ದೂರ. ಇನ್ನೂ ಸ್ಪೀಡ್ ಬೇಕು ಅಂದ್ರೆ ಇನ್ನೂ ದೊಡ್ಡ ಚಕ್ರ ಬೇಕು, ಕಾಲು ಎಟುಕೋ ತನಕ. ಚಕ್ರದ ಸೈಜೇ ಅದರ ಗೇರ್. ಜೊತೆಗೆ ದೊಡ್ಡ ಚಕ್ರ ಸಣ್ಣ ಗುಂಡಿಗಳಲ್ಲಿ ಇಳೀದೆ ಮೇಲಿಂದಲೇ ದಾಟಿ ಹೋಗುತ್ತೆ, ಕುಲುಕಾಟ ಕಮ್ಮಿ. ಬಿದ್ರೆ ಮಾತ್ರ ತಲೆ ಮೊದಲು.

1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಅವರ ರೋವರ್ ಸೇಫ್ಟಿ ಸೈಕಲ್ ಬಂತು. ಚೈನ್ ಹಾಕಿ ಹಿಂದಿನ ಚಕ್ರ ತಿರುಗಿಸೋ ಪದ್ಧತಿ. ಈಗ ಗೇರ್ ಕೆಲಸವನ್ನ ಚೈನ್ ಮಾಡುತ್ತೆ, ಹಾಗಾಗಿ ಚಕ್ರ ಚಿಕ್ಕದಾಯ್ತು, ಸವಾರ ಸೇಫಾಗಿ ಕೆಳಗೆ ಬಂದ. ಆದ್ರೆ ಚಿಕ್ಕ ಚಕ್ರ ಪ್ರತಿ ಗುಂಡಿಯಲ್ಲೂ ಇಳಿದು ಹತ್ತುತ್ತೆ. ಟೈರ್ ಅಂದ್ರೆ ಆಗ ರಿಮ್ ಸುತ್ತ ಗಟ್ಟಿ ರಬ್ಬರ್ ಪಟ್ಟಿ. ಕಲ್ಲು ಹಾಸಿದ ಬೀದಿಯಲ್ಲಿ ಹೋದ್ರೆ ಹಲ್ಲು ಕಟಕಟ. ಸೈಜ್ ಬದಲಾಯಿಸಿ ಒಂದು ಪ್ರಾಬ್ಲಮ್ ಬಗೆಹರಿಸಿದಾಗ ಇನ್ನೊಂದು ಪ್ರಾಬ್ಲಮ್ ಎದ್ದು ನಿಂತಿತ್ತು.

ಅಂಗಳದಲ್ಲಿ ಒಂದು ಎಕ್ಸ್‌ಪರಿಮೆಂಟ್

ಡನ್ಲಪ್ ಅವರ ಮಗ ಜಾನಿಗೆ ಒಂದು ಮೂರು ಚಕ್ರದ ಸೈಕಲ್ ಇತ್ತು. ಬೆಲ್‌ಫಾಸ್ಟ್‌ನ ಕಲ್ಲು ಬೀದಿಯಲ್ಲಿ ಅದನ್ನ ಓಡಿಸೋದು ಆ ಹುಡುಗನಿಗೆ ಕಷ್ಟವಾಗ್ತಿತ್ತು. ಮಗನ ತೊಂದರೆಯನ್ನ ಅಪ್ಪ ಗಂಭೀರವಾಗಿ ತಗೊಂಡರು. ರಬ್ಬರ್ ಜೊತೆ ಕೆಲಸ ಮಾಡಿದ ಅನುಭವ ಅವರಿಗೆ ಮೊದಲೇ ಇತ್ತು. 1887ರ ಅಕ್ಟೋಬರ್‌ನಲ್ಲಿ ಒಂದು ಮರದ ಚಕ್ರದ ಅಂಚಿಗೆ ತೆಳು ರಬ್ಬರ್ ಹಾಳೆಯಿಂದ ಮಾಡಿದ ಟ್ಯೂಬ್ ಕೂರಿಸಿ, ಗಾಳಿ ತುಂಬಿದರು. ಆಮೇಲೆ ಮನೆಯ ಅಂಗಳದಲ್ಲೇ ಟೆಸ್ಟ್. ಮಗನ ಸೈಕಲ್ಲಿನ ಮೆಟಲ್ ಚಕ್ರವನ್ನೂ ಈ ಗಾಳಿ ಚಕ್ರವನ್ನೂ ಉರುಳಿಸಿ ಬಿಟ್ಟರು. ಮೆಟಲ್ ಚಕ್ರ ನಡುವೆಯೇ ನಿಂತು ಬಿದ್ದುಹೋಯ್ತು. ಗಾಳಿ ಚಕ್ರ ಹೋಗಿ ಗೇಟಿನ ಕಂಬಕ್ಕೆ ಹೊಡೆದು ವಾಪಸ್ ಪುಟೀತು.

ಇಷ್ಟು ಸಿಂಪಲ್ ಟೆಸ್ಟ್‌ನಲ್ಲಿ ದೊಡ್ಡ ಮಾತೊಂದಿದೆ. ಗಾಳಿ ಟೈರ್ ಅಂದ್ರೆ ಮೆತ್ತಗಿರೋ ಟೈರ್, ಆರಾಮ ಇರಬಹುದು ಆದ್ರೆ ನಿಧಾನ ಅಂತ ಯಾರಿಗಾದ್ರೂ ಅನ್ನಿಸುತ್ತೆ. ನಡೆದದ್ದು ಉಲ್ಟಾ. ಗಟ್ಟಿ ಚಕ್ರ ಒಂದು ಕಲ್ಲಿನ ಮೇಲೆ ಹತ್ತಬೇಕಾದ್ರೆ ಚಕ್ರ ಮತ್ತು ಅದರ ಮೇಲಿನ ಭಾರ ಎರಡೂ ಮೇಲೆ ಎದ್ದು ಬೀಳಬೇಕು. ಪ್ರತಿ ಸಲವೂ ಅಷ್ಟು ಎನರ್ಜಿ ಕುಲುಕಾಟದಲ್ಲಿ ನಷ್ಟ. ಗಾಳಿ ಟೈರಿನಲ್ಲಿ ಕಲ್ಲು ತಾಗಿದ ಜಾಗದ ರಬ್ಬರ್ ಮಾತ್ರ ಒಳಗೆ ಹೋಗುತ್ತೆ, ಗಾಳಿ ಅದನ್ನ ಮತ್ತೆ ಹೊರಗೆ ತಳ್ಳುತ್ತೆ. ಆರಾಮ ಮತ್ತು ಸ್ಪೀಡ್ ಎರಡೂ ಒಂದೇ ಕಡೆಯಿಂದ ಸಿಕ್ಕಿದ್ದು ಹೀಗೆ.

ಡನ್ಲಪ್ ಮಗನ ಸೈಕಲ್ಲಿನ ಎರಡು ಹಿಂದಿನ ಚಕ್ರಕ್ಕೆ ಗಾಳಿ ಟೈರ್ ಹಾಕಿದರು, ಆಮೇಲೆ ದೊಡ್ಡ ಸೈಕಲ್ಲಿಗೂ ಮಾಡಿ ನೋಡಿದರು. 1888ರ ಡಿಸೆಂಬರ್ 7ರಂದು ಪೇಟೆಂಟ್ ಸಿಕ್ತು.

ದಪ್ಪ ಟೈರ್ ಗೆದ್ದ ದಿನ

ರೇಸ್ ಸೈಕಲ್ಲಿನ ಸಣ್ಣ ಗಟ್ಟಿ ಟೈರ್ ನೋಡಿ ಅಭ್ಯಾಸವಾದ ಜನಕ್ಕೆ ಈ ದಪ್ಪ ಟೈರ್ ತಮಾಷೆಯಾಗಿ ಕಾಣ್ತಿತ್ತು. ಬೆಲ್‌ಫಾಸ್ಟ್ ಕ್ರೂಸರ್ಸ್ ಸೈಕ್ಲಿಂಗ್ ಕ್ಲಬ್‌ನ ಕ್ಯಾಪ್ಟನ್ ವಿಲಿ ಹ್ಯೂಮ್ ಆ ಟೈರಿನ ಸೈಕಲ್ ಕೊಂಡಿದ್ದರು. ಡನ್ಲಪ್ ಅವರ ಸಲಹೆಯ ಮೇಲೆ ಅದರಲ್ಲೇ ರೇಸಿಗೆ ಇಳಿದರು. 1889ರ ಮೇ 18ರಂದು ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜಿನ ಸ್ಪೋರ್ಟ್ಸ್ ಮೀಟ್. ನಾಲ್ಕು ಸೈಕಲ್ ರೇಸ್ ಇತ್ತು, ನಾಲ್ಕನ್ನೂ ಹ್ಯೂಮ್ ಗೆದ್ದರು. ಸ್ವಲ್ಪ ದಿನಕ್ಕೆ ಲಿವರ್‌ಪೂಲ್‌ನಲ್ಲಿ ಒಂದು ಬಿಟ್ಟು ಉಳಿದೆಲ್ಲ ರೇಸ್ ಗೆದ್ದರು. ಒಂದು ಕಾಲೇಜ್ ಗ್ರೌಂಡಿನಲ್ಲಿ ಟೈರಿನ ಚರಿತ್ರೆ ತಿರುಗಿತು ಅನ್ನೋದು ನಮಗೆ ಖುಷಿ ಕೊಡೋ ವಿಷಯ.

ಹ್ಯೂಮ್ ಎದುರು ಸೋತವರಲ್ಲಿ ಹಾರ್ವಿ ಡು ಕ್ರೋಸ್ ಅನ್ನೋ ಬಿಸಿನೆಸ್‌ಮನ್‌ನ ಮಕ್ಕಳಿದ್ದರು. ಮಕ್ಕಳು ಸೋತಿದ್ದಕ್ಕೆ ಆ ಅಪ್ಪ ಬೇಜಾರು ಮಾಡ್ಕೊಂಡು ಕೂರಲಿಲ್ಲ. ಸೋಲಿಸಿದ ಟೈರ್ ಯಾವುದು ಅಂತ ಹುಡುಕಿಕೊಂಡು ಬಂದರು. 1889ರಲ್ಲೇ ಡಬ್ಲಿನ್‌ನಲ್ಲಿ ಕಂಪನಿ ಶುರುವಾಯ್ತು. ಡನ್ಲಪ್ ತಮ್ಮ ಹಕ್ಕನ್ನ ಕಂಪನಿಗೆ ಬಿಟ್ಟುಕೊಟ್ಟು, ಸ್ವಲ್ಪ ಹಣ ಮತ್ತು ಸಣ್ಣ ಪಾಲು ಪಡೆದರು.

ಆಮೇಲೆ ಬಂತು ನೋಡಿ ಏಟು. ಪೇಟೆಂಟ್ ಸಿಕ್ಕಿ ಎರಡು ವರ್ಷಕ್ಕೆ ಅದು ಊರ್ಜಿತವಲ್ಲ ಅಂತ ಸರ್ಕಾರದಿಂದ ತಿಳಿಸಲಾಯ್ತು. ಕಾರಣ ಇನ್ನೊಬ್ಬ ಸ್ಕಾಟ್, ರಾಬರ್ಟ್ ವಿಲಿಯಂ ಥಾಮ್ಸನ್. ಆತ 1845ರಲ್ಲೇ, ತನ್ನ 23ನೇ ವಯಸ್ಸಿನಲ್ಲಿ, ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ತಗೊಂಡಿದ್ದ. ಲಂಡನ್‌ನಲ್ಲಿ ಕುದುರೆ ಗಾಡಿಗೆ ಹಾಕಿ ತೋರಿಸಿಯೂ ಇದ್ದ. ಆದ್ರೆ ಆಗ ಸೈಕಲ್ಲೂ ಇಲ್ಲ, ಕಾರೂ ಇಲ್ಲ, ಕೊಳ್ಳೋರಿಲ್ಲದೆ ಐಡಿಯಾ ಮೂಲೆ ಸೇರಿತು. ಥಾಮ್ಸನ್ 1873ರಲ್ಲಿ ತೀರಿಹೋಗಿದ್ದ. ಡನ್ಲಪ್ ಅದೇ ವಿಚಾರವನ್ನ ತಮ್ಮಷ್ಟಕ್ಕೆ ತಾವೇ ಮತ್ತೆ ಕಂಡುಹಿಡಿದಿದ್ದರು. ಮೊದಲು ಹೊಳೆದವನು ಒಬ್ಬ, ಜನರ ಕೈಗೆ ತಲುಪಿಸಿದವರು ಇನ್ನೊಬ್ಬರು. ಯಾರಿಗೆ ಎಷ್ಟು ಕ್ರೆಡಿಟ್ ಸೇರಬೇಕು? ನಮ್ಮ ಪ್ರಾಜೆಕ್ಟ್ ಗ್ರೂಪುಗಳಲ್ಲೇ ಇದಕ್ಕೆ ಉತ್ತರ ಸಿಗಲ್ಲ, ಇಲ್ಲಿ ಎಲ್ಲಿಂದ ಬರಬೇಕು!

ಕಂಪನಿ ಮಾತ್ರ ಮುಳುಗಲಿಲ್ಲ. ಮೊದಲ ಟೈರ್‌ಗಳನ್ನ ರಿಮ್ಮಿಗೆ ಅಂಟಿಸಿರ್ತಿದ್ದರು, ಪಂಕ್ಚರ್ ಹಾಕೋದು ದೊಡ್ಡ ಗೋಳು. 1890ರಲ್ಲಿ ಚಾರ್ಲ್ಸ್ ವೆಲ್ಚ್ ಮತ್ತು ವಿಲಿಯಂ ಬಾರ್ಟ್ಲೆಟ್ ಬೇರೆ ಬೇರೆಯಾಗಿ, ಟೈರನ್ನ ರಿಮ್ಮಿನಿಂದ ಬಿಚ್ಚಿ ಹಾಕೋ ವಿಧಾನಗಳಿಗೆ ಪೇಟೆಂಟ್ ಪಡೆದರು. ಕಂಪನಿ ಆ ಹಕ್ಕುಗಳನ್ನ ಕೊಂಡುಕೊಂಡು ಬದುಕಿತು. ಡನ್ಲಪ್ ಅವರ ಮೂಲ ಪೇಟೆಂಟ್ ಇಲ್ಲದೆಯೂ ಡನ್ಲಪ್ ಟೈರ್ ಓಡ್ತಾ ಇತ್ತು.

1895ರಲ್ಲಿ ಫ್ರಾನ್ಸಿನ ಮಿಷೆಲಿನ್ ಸಹೋದರರು ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿ ಬರೋ ರೇಸಿನಲ್ಲಿ ಕಾರಿಗೇ ಗಾಳಿ ಟೈರ್ ಹಾಕಿ ಓಡಿಸಿದರು. ಲೆಕ್ಕವಿಲ್ಲದಷ್ಟು ಸಲ ಪಂಕ್ಚರ್ ಆದರೂ ಕಾರಿಗೂ ಇದು ಸಾಧ್ಯ ಅಂತ ಗೊತ್ತಾಯ್ತು. ಅದೇ 1895ರಲ್ಲಿ ಡನ್ಲಪ್ ಕಂಪನಿ ಬಿಟ್ಟರು. ಮರುವರ್ಷವೇ ಆ ಕಂಪನಿ 30 ಲಕ್ಷ ಪೌಂಡ್‌ಗೆ ಮಾರಾಟವಾಯ್ತು. ಕೊಂಡ ಟೆರಾ ಹೂಲಿ ಅದನ್ನೇ 50 ಲಕ್ಷ ಪೌಂಡ್‌ಗೆ ಷೇರು ಮಾರ್ಕೆಟ್ಟಿಗೆ ಬಿಟ್ಟರು. ಹೆಸರು ಕೊಟ್ಟವರಿಗೆ ಆ ದುಡ್ಡಲ್ಲಿ ದಕ್ಕಿದ್ದು ತುಂಬಾ ಕಮ್ಮಿ.

ಈಗ ನಮ್ಮ ಅಲಾಯ್ ವೀಲ್ ಲೆಕ್ಕ

ಡನ್ಲಪ್ ಅವರ ಅಂಗಳದ ಪಾಠವನ್ನ ಇವತ್ತಿನ ಕಾರಿಗೆ ಹಾಕಿ ನೋಡೋಣ. ಟೈರ್ ಮೇಲೆ 185/65 ಆರ್ 15 ಅಂತ ಬರೆದಿರುತ್ತೆ. 185 ಅಂದ್ರೆ ಅಗಲ, ಮಿಲಿಮೀಟರಿನಲ್ಲಿ. 65 ಅಂದ್ರೆ ಸೈಡ್‌ವಾಲ್ ಎತ್ತರ ಆ ಅಗಲದ 65 ಪರ್ಸೆಂಟ್, ಅಂದ್ರೆ ಸುಮಾರು 120 ಮಿಮೀ. 15 ಇಂಚು ರಿಮ್, ಅಂದ್ರೆ 381 ಮಿಮೀ. ಎರಡು ಕಡೆ ಸೈಡ್‌ವಾಲ್ ಸೇರಿಸಿದ್ರೆ ಪೂರ್ತಿ ಎತ್ತರ 621.5 ಮಿಮೀ.

ಇದರ ಬದಲು 205/65 ಆರ್ 16 ಹಾಕಿದ್ರೆ? ಎತ್ತರ ಸುಮಾರು 673 ಮಿಮೀ, ಅಂದ್ರೆ 8 ಪರ್ಸೆಂಟ್‌ಗಿಂತ ಸ್ವಲ್ಪ ಜಾಸ್ತಿ. ಸ್ಪೀಡೋಮೀಟರ್‌ಗೆ ಚಕ್ರ ಎಷ್ಟು ಸುತ್ತು ತಿರುಗ್ತು ಅನ್ನೋದು ಮಾತ್ರ ಗೊತ್ತು, ಅದರ ಸೈಜ್ ಬದಲಾಗಿದ್ದು ಗೊತ್ತಿಲ್ಲ. ಮೊದಲು ಸರಿಯಾಗಿದ್ದ ಮೀಟರ್ ಈಗ 100 ತೋರಿಸುವಾಗ ಗಾಡಿ ನಿಜವಾಗಿ 108ರಲ್ಲಿ ಇರುತ್ತೆ. ಓಡೋಮೀಟರ್ ಕಮ್ಮಿ ಓದುತ್ತೆ, ಮೈಲೇಜ್ ಲೆಕ್ಕ ತಪ್ಪುತ್ತೆ. ಅದೇ ಟಾರ್ಕ್‌ಗೆ ರೇಡಿಯಸ್ ಜಾಸ್ತಿಯಾದ್ರೆ ನೆಲವನ್ನ ತಳ್ಳೋ ಬಲ ಕಮ್ಮಿ, ಹಾಗಾಗಿ ಘಾಟಿ ಹತ್ತುವಾಗ ಗಾಡಿ ಏದುಸಿರು ಬಿಡುತ್ತೆ. ಪೆನ್ನಿ ಫಾರ್ದಿಂಗ್ ಕಥೆಯೇ ಇದು, ಚಕ್ರ ದೊಡ್ಡದು ಮಾಡಿದ್ರೆ ಗೇರ್ ಬದಲಾಯಿಸಿದ ಹಾಗೆ. ಬ್ರೇಕಿಗೂ ಅಷ್ಟೇ ಕೆಲಸ ಜಾಸ್ತಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗೆ ಎಲ್ಲಾದ್ರೂ ಉಜ್ಜಲೂಬಹುದು.

ಅದಕ್ಕೇ ತಿಳಿದವರು ರಿಮ್ ದೊಡ್ಡದು ಮಾಡಿದ್ರೆ ಸೈಡ್‌ವಾಲ್ ಚಿಕ್ಕದು ಮಾಡ್ತಾರೆ. 195/55 ಆರ್ 16 ಹಾಕಿದ್ರೆ ಎತ್ತರ ಸುಮಾರು 621 ಮಿಮೀ, ಮೀಟರ್‌ಗೆ ವ್ಯತ್ಯಾಸವೇ ತಿಳಿಯಲ್ಲ. 205/45 ಆರ್ 17 ಹಾಕಿದ್ರೂ 616 ಮಿಮೀ, ಒಂದು ಪರ್ಸೆಂಟ್‌ಗಿಂತ ಕಮ್ಮಿ ವ್ಯತ್ಯಾಸ. ಲೆಕ್ಕ ಸರಿಹೋಯ್ತು. ಆದ್ರೆ ಸೈಡ್‌ವಾಲ್ ನೋಡಿ. 120 ಇದ್ದದ್ದು 107 ಆಯ್ತು, ಆಮೇಲೆ 92. ತಿರುವಿನಲ್ಲಿ ಟೈರ್ ಕಮ್ಮಿ ಬಾಗುತ್ತೆ, ಸ್ಟೇರಿಂಗ್ ಚುರುಕಾಗುತ್ತೆ, ಅದು ಲಾಭ. ಗುಂಡಿಗೆ ಬಿದ್ದಾಗ ನುಂಗಿಕೊಳ್ಳೋಕೆ ಇದ್ದ ಜಾಗ ಕಮ್ಮಿಯಾಯ್ತು, ಅದು ನಷ್ಟ. ಏಟು ರಿಮ್ಮಿಗೆ, ಸಸ್ಪೆನ್ಷನ್ನಿಗೆ, ಕೊನೆಗೆ ನಮ್ಮ ಬೆನ್ನಿಗೆ. ಚಕ್ರ ಭಾರವಾದ್ರೆ ಅದನ್ನ ತಿರುಗಿಸೋಕೂ ನಿಲ್ಲಿಸೋಕೂ ಕಷ್ಟ, ಗುಂಡಿ ದಾಟಿದ ಮೇಲೆ ಅದು ಬೇಗ ನೆಲಕ್ಕೆ ಕೂರೋದೂ ಇಲ್ಲ. ಕಾರಿನ ಹೊರ ಅಳತೆ ಬದಲಾಗದೆ ರಿಮ್ ದೊಡ್ಡದಾಗ್ತಾ ಹೋದಷ್ಟೂ ಡನ್ಲಪ್ ತುಂಬಿದ ಗಾಳಿಯನ್ನೇ ನಾವು ಸ್ವಲ್ಪ ಸ್ವಲ್ಪವಾಗಿ ತೆಗೀತಾ ಇರ್ತೀವಿ. ಜಾನಿಯ ಗಟ್ಟಿ ಚಕ್ರದ ಕಡೆಗೆ ವಾಪಸ್ ಪ್ರಯಾಣ ಅದು. ಸೈಜ್ ಬದಲಾಯಿಸಲೇಬಾರದು ಅಂತಲ್ಲ. ಪೂರ್ತಿ ಎತ್ತರ ಎರಡು ಮೂರು ಪರ್ಸೆಂಟ್ ಒಳಗೆ ಇರಲಿ, ಲೋಡ್ ಇಂಡೆಕ್ಸ್ ಕಂಪನಿ ಹೇಳಿದ್ದಕ್ಕಿಂತ ಕಮ್ಮಿ ಬೇಡ, ನಾವು ದಿನಾ ಓಡಾಡೋ ರಸ್ತೆ ಹೇಗಿದೆ ಅಂತ ಒಂದ್ಸಲ ನೋಡ್ಕೊಳ್ಳಿ.

ಹೆಸರು ಯಾರದು?

ಕಂಪನಿ ಬಿಟ್ಟ ಮೇಲೆ ಡನ್ಲಪ್ ಡಬ್ಲಿನ್‌ನಲ್ಲಿ ಬದುಕಿದರು, ಒಂದು ಬಟ್ಟೆ ವ್ಯಾಪಾರದಲ್ಲಿ ಪಾಲು ಇಟ್ಟುಕೊಂಡಿದ್ದರು. ಗಡ್ಡ ಬಿಟ್ಟ ಅವರ ಮುಖ ಕಂಪನಿಯ ಗುರುತಾಗಿತ್ತು. ವರ್ಷಗಳ ನಂತರ ಕಂಪನಿಯ ಜಾಹೀರಾತುಗಳಲ್ಲಿ ಅದೇ ಮುಖವನ್ನ ಉದ್ದ ಹ್ಯಾಟ್, ಬಿಳಿ ವೇಸ್ಟ್‌ಕೋಟ್, ಕೈಯಲ್ಲಿ ಕೋಲು ಹಿಡಿದ ಷೋಕಿ ಮನುಷ್ಯನ ಮೈಗೆ ಅಂಟಿಸಿ ಹಾಕಿದರು. ಡನ್ಲಪ್ ಅವರಿಗೆ ಅದು ಅವಮಾನ ಅನ್ನಿಸಿತು. ಎಂಬತ್ತರ ವಯಸ್ಸಿನ ಆಸುಪಾಸಿನಲ್ಲಿ, ತಮ್ಮದೇ ಹೆಸರಿನ ಕಂಪನಿಯ ಮೇಲೆ ಐರ್ಲೆಂಡಿನಲ್ಲಿ ಕೇಸ್ ಹಾಕಿದರು. ಇಂಗ್ಲೆಂಡಿನ ಕಂಪನಿಯನ್ನ ಐರ್ಲೆಂಡಿನ ಕೋರ್ಟಿಗೆ ಎಳೆಯಬಹುದಾ ಅನ್ನೋ ಪ್ರಶ್ನೆ ಹೌಸ್ ಆಫ್ ಲಾರ್ಡ್ಸ್ ತನಕ ಹೋಯ್ತು. ಆ ಪ್ರಶ್ನೆಯಲ್ಲಿ ತೀರ್ಪು ಡನ್ಲಪ್ ಪರವಾಗಿ ಬಂತು. ಕೇಸಿನ ಹೆಸರೇ ಡನ್ಲಪ್ ರಬ್ಬರ್ ಕಂಪನಿ ವಿರುದ್ಧ ಡನ್ಲಪ್.

ಪೇಟೆಂಟ್ ಹೋದಾಗ, ಲಕ್ಷಾಂತರ ಪೌಂಡ್ ಬೇರೆಯವರ ಪಾಲಾದಾಗ ದೂರ ಸರಿದಿದ್ದವರು, ತಮ್ಮ ಮುಖವನ್ನ ತಮಾಷೆ ಮಾಡಿದಾಗ ಮಾತ್ರ ಬಿಡಲಿಲ್ಲ. 1921ರ ಅಕ್ಟೋಬರ್ 23ರಂದು ಡಬ್ಲಿನ್‌ನ ಮನೆಯಲ್ಲಿ ತೀರಿಕೊಂಡರು. ಡೀನ್ಸ್ ಗ್ರೇಂಜ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಮಂಡ್ಯ ಕಡೆ ಕಬ್ಬು ಹೇರಿಕೊಂಡು ಹೋಗೋ ಟೈರ್ ಗಾಡಿ ನೋಡಿದ್ದೀರಲ್ವಾ? ಕಬ್ಬಿಣದ ಪಟ್ಟಿಯ ಮರದ ಚಕ್ರ ಹೋಗಿ ಗಾಳಿ ಟೈರ್ ಬಂದ ಮೇಲೆ ಅದೇ ಜೋಡಿ ಎತ್ತಿಗೆ ಅದೇ ಹೊರೆ ಎಳೆಯೋದು ಹಗುರಾಯ್ತು. ಮಗನಿಗೋಸ್ಕರ ಶುರುಮಾಡಿದ ಕೆಲಸ ಎತ್ತಿನ ಹೆಗಲಿನ ಭಾರವನ್ನೂ ಇಳಿಸಿದೆ. ದನದ ಡಾಕ್ಟರಿಗೆ ಇದಕ್ಕಿಂತ ಒಳ್ಳೇ ಫೀಸ್ ಯಾರು ಕೊಟ್ಟಾರು?