ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ (1899–1993)

ಭಾರತೀಯ ಭೂಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾಗಿ ನಾಡಿಗೆ ಕೀರ್ತಿ ತಂದವರು ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪನವರು. ಸುಮಾರು ಮೂರೂವರೆ ದಶಕಗಳ ಕಾಲ ಸಮವಸ್ತ್ರ ಧರಿಸಿ ಸೇವೆ ಸಲ್ಲಿಸಿದ ಅವರು, ನಿವೃತ್ತಿಯ ನಂತರ ನಲವತ್ತು ವರ್ಷ ಬದುಕಿದ್ದರು. ಆ ನಲವತ್ತು ವರ್ಷಗಳಲ್ಲಿಯೂ ದೇಶದ ಸಾಮಾನ್ಯ ಸೈನಿಕನನ್ನು ತಮ್ಮ ಮನೆಯವನೆಂದೇ ಭಾವಿಸಿದ್ದರು.

ಜನನ ಮತ್ತು ವಿದ್ಯಾಭ್ಯಾಸ

ಕಾರ್ಯಪ್ಪನವರು 1899ರ ಜನವರಿ 28ರಂದು ಕೊಡಗಿನ ಶನಿವಾರಸಂತೆಯಲ್ಲಿ ಜನಿಸಿದರು. ತಂದೆ ಮಾದಪ್ಪನವರು ಕಂದಾಯ ಇಲಾಖೆಯಲ್ಲಿ ನೌಕರರಾಗಿದ್ದರು. ಆರು ಮಂದಿ ಮಕ್ಕಳ ಪೈಕಿ ಎರಡನೆಯವರಾದ ಕಾರ್ಯಪ್ಪನವರನ್ನು ಮನೆಯವರು ಚಿಮ್ಮ ಎಂದು ಕರೆಯುತ್ತಿದ್ದರು. ಮಡಿಕೇರಿಯ ಸೆಂಟ್ರಲ್ ಪ್ರೌಢಶಾಲೆಯಲ್ಲಿ ಓದು ಮುಗಿಸಿ, 1917ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು.

ಮೊದಲನೆಯ ಮಹಾಯುದ್ಧದ ಕೊನೆಯ ಹಂತದಲ್ಲಿ ಬ್ರಿಟಿಷ್ ಸರ್ಕಾರವು ಆಯ್ದ ಭಾರತೀಯ ಯುವಕರಿಗೆ ಸೇನಾಧಿಕಾರಿ ಹುದ್ದೆಯನ್ನು ನೀಡಲು ಒಪ್ಪಿತು. ಇಂದೋರಿನ ಡಾಲಿ ಕೆಡೆಟ್ ಕಾಲೇಜಿನಲ್ಲಿ ತರಬೇತಿ ಪಡೆದ ಈ ಮೊದಲ ತಂಡದಲ್ಲಿ ಕಾರ್ಯಪ್ಪನವರೂ ಒಬ್ಬರು. 1919ರ ಡಿಸೆಂಬರ್‌ನಲ್ಲಿ ಅವರು ಅಧಿಕಾರಿಯಾಗಿ ಸೇನೆಗೆ ಸೇರ್ಪಡೆಗೊಂಡರು.

ಸೇನಾ ಜೀವನ

ಅಂದಿನ ಸೇನೆಯಲ್ಲಿ ಭಾರತೀಯ ಅಧಿಕಾರಿಯ ಹಾದಿ ಸುಗಮವಾಗಿರಲಿಲ್ಲ. ಬ್ರಿಟಿಷ್ ಅಧಿಕಾರಿಗಳಿಗೆ ಸಹಜವಾಗಿ ದೊರೆಯುತ್ತಿದ್ದ ಅವಕಾಶಗಳಿಗಾಗಿ ಭಾರತೀಯರು ವರ್ಷಗಟ್ಟಲೆ ಕಾಯಬೇಕಾಗಿತ್ತು. ಕಾರ್ಯಪ್ಪನವರು ಮೆಸೊಪೊಟೇಮಿಯಾದಲ್ಲಿ ಸೇವೆ ಸಲ್ಲಿಸಿ, ಬಳಿಕ ರಜಪೂತ್ ರೆಜಿಮೆಂಟಿಗೆ ಸೇರಿದರು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಪ್ರವೇಶ ಪಡೆದರು. ಆ ಕಾಲೇಜಿಗೆ ಆಯ್ಕೆಯಾದ ಪ್ರಥಮ ಭಾರತೀಯ ಅಧಿಕಾರಿ ಅವರೇ. ಬೆಟಾಲಿಯನ್ನೊಂದರ ನಾಯಕತ್ವವನ್ನು ವಹಿಸಿಕೊಂಡ ಪ್ರಥಮ ಭಾರತೀಯರೆಂಬ ಗೌರವ ಅವರಿಗೆ ಸಂದದ್ದು 1942ರಲ್ಲಿ. ಅಷ್ಟರಲ್ಲಿ ಸೇವೆಗೆ ಸೇರಿ ಇಪ್ಪತ್ತೆರಡು ವರ್ಷಗಳು ಕಳೆದಿದ್ದವು.

ಎರಡನೆಯ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಇರಾನ್ ಹಾಗೂ ಬರ್ಮಾ ರಂಗಗಳಲ್ಲಿ ಸೇವೆ ಸಲ್ಲಿಸಿದರು. ಯುದ್ಧದ ನಂತರ ಬ್ರಿಗೇಡಿಯರ್ ಆಗಿ ವಾಯವ್ಯ ಗಡಿಪ್ರಾಂತದ ಬನ್ನು ಬ್ರಿಗೇಡನ್ನು ಮುನ್ನಡೆಸಿದರು. ಮುಂದೆ ಪಾಕಿಸ್ತಾನದ ರಾಷ್ಟ್ರಾಧ್ಯಕ್ಷರಾದ ಅಯೂಬ್ ಖಾನ್ ಆಗ ಅವರ ಕೈಕೆಳಗೆ ಕೆಲಸ ಮಾಡಿದ್ದರು. 1947ರಲ್ಲಿ ದೇಶವು ವಿಭಜನೆಗೊಂಡಾಗ ಸೇನೆಯೂ ಇಬ್ಭಾಗವಾಯಿತು. ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು ಮರುವರ್ಷ ಎದುರು ಬದುರು ಪಾಳೆಯಗಳಲ್ಲಿ ನಿಲ್ಲಬೇಕಾಯಿತು.

1948ರ ಜನವರಿಯಲ್ಲಿ ಕಾಶ್ಮೀರದ ಕಾರ್ಯಾಚರಣೆಯ ಹೊಣೆಯಿದ್ದ ಸೇನಾ ಕಮಾಂಡಿನ ಮುಖ್ಯಸ್ಥರಾಗಿ ಕಾರ್ಯಪ್ಪನವರು ನೇಮಕಗೊಂಡರು. ಅವರ ಅವಧಿಯಲ್ಲಿ ಝಂಗಡ್ ಮತ್ತು ರಜೌರಿ ಮರಳಿ ಭಾರತದ ವಶವಾದವು. ಅದೇ ವರ್ಷದ ನವೆಂಬರ್‌ನಲ್ಲಿ ಸುಮಾರು 11,500 ಅಡಿ ಎತ್ತರದ ಝೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಸಾಗಿಸಿ ಲೇಹ್‌ಗೆ ಹೋಗುವ ಮಾರ್ಗವನ್ನು ತೆರವುಗೊಳಿಸಲಾಯಿತು. ರಣರಂಗದಲ್ಲಿ ಈ ಕಾರ್ಯಾಚರಣೆಯನ್ನು ನಡೆಸಿದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯನವರೂ ಕೊಡಗಿನವರೇ ಎಂಬುದು ಸ್ಮರಣೀಯ.

ಪ್ರಥಮ ಮಹಾದಂಡನಾಯಕ

1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಕಾರ್ಯಪ್ಪನವರು ಭೂಸೇನೆಯ ಅಧಿಕಾರ ವಹಿಸಿಕೊಂಡರು. ಪ್ರತಿವರ್ಷ ಆ ದಿನವನ್ನು ಸೇನಾ ದಿನವನ್ನಾಗಿ ಆಚರಿಸಲಾಗುತ್ತಿದೆ. ಜಾತಿ ಹಾಗೂ ಪ್ರಾಂತದ ಆಧಾರದ ಮೇಲೆ ಸೈನಿಕರನ್ನು ಭರ್ತಿ ಮಾಡಿಕೊಳ್ಳುವ ಹಳೆಯ ಪದ್ಧತಿಯ ಬದಲಿಗೆ, ಎಲ್ಲ ಪ್ರದೇಶ ಹಾಗೂ ಮತಧರ್ಮಗಳ ಯುವಕರು ಜೊತೆಯಾಗಿ ಸೇವೆ ಸಲ್ಲಿಸುವ ಗಾರ್ಡ್ಸ್ ರೆಜಿಮೆಂಟನ್ನು ಅದೇ ವರ್ಷ ಸ್ಥಾಪಿಸಿದರು. ಸೇನೆಯು ರಾಜಕೀಯದಿಂದ ದೂರವಿರಬೇಕೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದರು. ಅವರ ಹಿಂದಿ ಅಷ್ಟಕ್ಕಷ್ಟೇ. ಆದರೂ ಜವಾನರೊಡನೆ ಆ ಭಾಷೆಯಲ್ಲಿಯೇ ಮಾತನಾಡಲು ಅವರು ಹಿಂಜರಿಯುತ್ತಿರಲಿಲ್ಲ. 1953ರ ಜನವರಿ 14ರಂದು ಸೇನೆಯಿಂದ ನಿವೃತ್ತರಾದರು.

ನಿವೃತ್ತಿಯ ನಂತರ

1956ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಭಾರತದ ಹೈಕಮಿಷನರ್ ಆಗಿದ್ದ ಕಾರ್ಯಪ್ಪನವರು, ಮುಂದೆ ಮಡಿಕೇರಿಯ ತಮ್ಮ ಮನೆ ರೋಷನಾರಾದಲ್ಲಿ ನೆಲೆಸಿದರು. ಸೇವೆ ಮುಗಿಸಿ ಊರಿಗೆ ಮರಳುವ ಸೈನಿಕರಲ್ಲಿ ಅನೇಕರು ನಡುವಯಸ್ಸಿನವರು. ಅವರಿಗೆ ಅಲ್ಪ ಪಿಂಚಣಿ, ಬೇರೆ ಕಸುಬಿನ ಅರಿವಿಲ್ಲ, ಮಕ್ಕಳ ಓದು ಇನ್ನೂ ಮುಗಿದಿರುವುದಿಲ್ಲ. ಈ ಕಷ್ಟವನ್ನು ಅರಿತಿದ್ದ ಅವರು ಮಾಜಿ ಸೈನಿಕರ ಅಖಿಲ ಭಾರತ ಸಂಘಟನೆಯನ್ನು 1964ರಲ್ಲಿ ಕಟ್ಟಿದರು.

1965ರ ಯುದ್ಧವು ಅವರ ಮನೆಯನ್ನೇ ತಟ್ಟಿತು. ವಾಯುಪಡೆಯಲ್ಲಿದ್ದ ಅವರ ಏಕೈಕ ಪುತ್ರ ನಂದಾ ಕಾರ್ಯಪ್ಪನವರ ವಿಮಾನವನ್ನು ಪಾಕಿಸ್ತಾನವು ಹೊಡೆದುರುಳಿಸಿ, ಅವರನ್ನು ಸೆರೆಹಿಡಿಯಿತು. ಹಳೆಯ ಒಡನಾಟವನ್ನು ನೆನೆದು ಅಯೂಬ್ ಖಾನರು ಮಗನನ್ನು ಬಿಡುಗಡೆ ಮಾಡಲು ಮುಂದಾದರೆಂದೂ, ಸೆರೆಯಲ್ಲಿರುವ ಎಲ್ಲ ಭಾರತೀಯ ಯೋಧರೂ ತಮ್ಮ ಮಕ್ಕಳೇ ಆದುದರಿಂದ ಒಬ್ಬನಿಗೆ ಮಾತ್ರ ವಿನಾಯಿತಿ ಬೇಡವೆಂದು ತಂದೆ ತಿಳಿಸಿದರೆಂದೂ ಅವರನ್ನು ಬಲ್ಲವರು ದಾಖಲಿಸಿದ್ದಾರೆ. ಮಗನು ತಿಂಗಳುಗಳ ಸೆರೆವಾಸದ ಬಳಿಕ 1966ರಲ್ಲಿ ಇತರ ಕೈದಿಗಳೊಂದಿಗೆ ಸ್ವದೇಶಕ್ಕೆ ಮರಳಿದರು. ಮುಂದೆ ಏರ್ ಮಾರ್ಷಲ್ ಪದವಿಗೇರಿದ ಅವರು ತಂದೆಯ ಜೀವನಚರಿತ್ರೆಯನ್ನು ಬರೆದರು.

ಕಾರ್ಯಪ್ಪನವರ ಎಲ್ಲ ಹೆಜ್ಜೆಗಳೂ ಫಲ ನೀಡಲಿಲ್ಲ. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ಸ್ಪರ್ಧಿಸಿ ಪರಾಭವಗೊಂಡರು. ದೇಶದ ಆಡಳಿತವನ್ನು ಕುರಿತು ಅವರು ವ್ಯಕ್ತಪಡಿಸಿದ ಕೆಲವು ಅಭಿಪ್ರಾಯಗಳು ಟೀಕೆಗೂ ಒಳಗಾದವು. ಆದರೆ ಅದರಿಂದ ಸೈನಿಕರು ಅವರ ಮೇಲಿಟ್ಟಿದ್ದ ವಿಶ್ವಾಸ ಕುಂದಲಿಲ್ಲ. 1965 ಮತ್ತು 1971ರ ಯುದ್ಧಗಳ ಸಂದರ್ಭದಲ್ಲಿ ಇಳಿವಯಸ್ಸಿನಲ್ಲಿಯೂ ಅವರು ಗಡಿಗೆ ತೆರಳಿ ಯೋಧರನ್ನು ಹುರಿದುಂಬಿಸಿದರು.

ಫೀಲ್ಡ್ ಮಾರ್ಷಲ್ ಪದವಿ ಮತ್ತು ನಿಧನ

1986ರಲ್ಲಿ ಭಾರತ ಸರ್ಕಾರವು ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನು ನೀಡಿ ಗೌರವಿಸಿತು. ಸ್ಯಾಮ್ ಮಾಣೆಕ್ ಷಾ ಅವರ ನಂತರ ಈ ಪದವಿಗೆ ಪಾತ್ರರಾದ ಎರಡನೆಯವರು ಕಾರ್ಯಪ್ಪನವರು. ನಿವೃತ್ತಿಯಾಗಿ ಮೂವತ್ತಮೂರು ವರ್ಷಗಳ ನಂತರ, ಮೊಮ್ಮಕ್ಕಳ ಅಜ್ಜನಾಗಿ, 87ನೆಯ ವಯಸ್ಸಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಅವರು ದಂಡಲಾಂಛನವನ್ನು ಸ್ವೀಕರಿಸಿದರು.

1993ರ ಮೇ 15ರಂದು ಬೆಂಗಳೂರಿನಲ್ಲಿ, 94ನೆಯ ವಯಸ್ಸಿನಲ್ಲಿ ಕಾರ್ಯಪ್ಪನವರು ನಿಧನ ಹೊಂದಿದರು. ಸಕಲ ಸೇನಾ ಮರ್ಯಾದೆಗಳೊಂದಿಗೆ ಮಡಿಕೇರಿಯಲ್ಲಿ ಅವರ ಅಂತ್ಯಕ್ರಿಯೆ ನೆರವೇರಿತು. ಮಡಿಕೇರಿಯ ಸರ್ಕಾರಿ ಕಾಲೇಜು ಇಂದು ಅವರ ಹೆಸರನ್ನು ಹೊತ್ತಿದೆ. ಸ್ವಂತ ಮಗನಿಗೂ ಅಪರಿಚಿತ ಜವಾನನಿಗೂ ಒಂದೇ ಅಳತೆಗೋಲನ್ನು ಹಿಡಿದ ಈ ಹಿರಿಯರ ಬದುಕು ಸೇನೆಯಲ್ಲಿರುವವರಿಗೂ, ಸೇನೆಯಿಂದ ಮನೆಗೆ ಮರಳಿದವರಿಗೂ ಸದಾ ಆದರ್ಶವಾಗಿದೆ.