ಎಲಿಜಬೆತ್ ಫ್ರೈ ಅಮ್ಮನವರ ಚರಿತ್ರೆ

ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳಲ್ಲಿ ಉಣ್ಣೆಯ ಬೆಲೆಯನ್ನು ಅರಿಯದವರಿಲ್ಲ. ಕುರಿಯ ಉಣ್ಣೆಯನ್ನು ಕತ್ತರಿಸಿ, ಹಿಂಜಿ, ನೂತು, ನೂಲಿಗೆ ಹುಣಸೆಬೀಜದ ಅಂಟನ್ನು ಸವರಿ, ಕುಣಿಮಗ್ಗದಲ್ಲಿ ಕಂಬಳಿಯನ್ನು ನೇಯುವ ಮನೆತನಗಳು ಈ ಜಿಲ್ಲೆಯಲ್ಲಿ ಬಹುಕಾಲದಿಂದ ಇವೆ. ಧನುರ್ಮಾಸದ ಚಳಿಗಾಳಿಯಲ್ಲಿ ಹಸುಗೂಸಿಗೆ ಬೆಚ್ಚನೆಯ ಹೊದಿಕೆ ಎಷ್ಟು ಅವಶ್ಯವೆಂಬದನ್ನು ನಮ್ಮ ತಾಯಂದಿರು ಬಲ್ಲರು. ಗೆಳತಿಯು ಹೆತ್ತಳೆಂದು ಕೇಳಿದ ಕೂಡಲೆ ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವವರೂ, ಉಣ್ಣೆಯ ದಾರವನ್ನು ತಂದು ಕ್ರೋಶಾ ಕಡ್ಡಿಯಿಂದ ಹೊದಿಕೆ ಹೆಣೆಯುವವರೂ ನಮ್ಮ ಸಹೋದರಿಯರಲ್ಲಿ ಉಂಟು. ಇದು ಹೆಂಗಸರು ಹೊತ್ತುಗಳೆಯುವ ಕೆಲಸವೇ ಹೊರತು ದೇವರ ಸೇವೆಯೇನೂ ಅಲ್ಲವೆಂದು ಎಣಿಸುವವರೂ ಉಂಟು. ಅಂಥವರು ಎಲಿಜಬೆತ್ ಫ್ರೈ ಅಮ್ಮನವರ ಚರಿತ್ರೆಯನ್ನು ತಿಳಿಯಬೇಕೆಂದು ನಾವು ಇದನ್ನು ಬರೆಯುತ್ತೇವೆ. ಯಾಕಂದರೆ ಲೋಕಪ್ರಸಿದ್ಧವಾದ ಆಕೆಯ ಸೇವೆಯು ಕೂಸುಗಳಿಗೆ ಹೊಲಿದ ಉಣ್ಣೆಬಟ್ಟೆಯಿಂದಲೇ ಆರಂಭವಾಯಿತು.

ಈ ಅಮ್ಮನವರು 1780ನೆಯ ಇಸವಿ ಮೇ ತಿಂಗಳ 21ನೆಯ ತಾರೀಕಿನಲ್ಲಿ ಇಂಗ್ಲೆಂಡಿನ ನಾರಿಚ್ ಪಟ್ಟಣದಲ್ಲಿ ಹುಟ್ಟಿದರು. ಆ ಪಟ್ಟಣವು ಉಣ್ಣೆಬಟ್ಟೆಯ ನೇಯ್ಗೆಗೆ ಹೆಸರಾಗಿತ್ತು. ತಂದೆಯಾದ ಜಾನ್ ಗರ್ನಿಯವರ ಮನೆತನವು ಉಣ್ಣೆಯ ವ್ಯಾಪಾರದಿಂದಲೂ ಬ್ಯಾಂಕಿನಿಂದಲೂ ಐಶ್ವರ್ಯಕ್ಕೆ ಬಂದದ್ದು. ಇವರು ಸ್ನೇಹಿತರ ಸಮಾಜವೆಂಬ ಕ್ರೈಸ್ತ ಪಂಗಡಕ್ಕೆ ಸೇರಿದವರು. ಲೋಕವು ಇವರನ್ನು ಕ್ವೇಕರರೆಂದು ಕರೆಯುತ್ತದೆ. ಎಲಿಜಬೆತಳು ಹನ್ನೆರಡು ವರುಷದವಳಾಗಿದ್ದಾಗ ತಾಯಿ ತೀರಿಕೊಂಡರು. ಹುಡುಗಿಯು ಕತ್ತಲೆಗೆ ಅಂಜುವಳು, ಸಮುದ್ರಕ್ಕೆ ಅಂಜುವಳು, ಪದೇ ಪದೇ ಅಸ್ವಸ್ಥಳಾಗುವಳು. ಪಾಠಗಳಲ್ಲಿಯೂ ಅಷ್ಟೊಂದು ಚುರುಕಾಗಿರಲಿಲ್ಲ. ಮುಂದೆ ಈಕೆಯು ಗಂಡಸರೂ ಹೆದರುವ ಸ್ಥಳದಲ್ಲಿ ನಿರ್ಭಯದಿಂದ ಕಾಲಿಡುವಳೆಂದು ಆಗ ಯಾರೂ ಊಹಿಸಿರಲಾರರು.

1798ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಅಮೆರಿಕದಿಂದ ಬಂದ ವಿಲಿಯಮ್ ಸೇವರಿ ಎಂಬ ಬೋಧಕರು ನಾರಿಚ್ ಪಟ್ಟಣದ ಆರಾಧನೆಯಲ್ಲಿ ಪ್ರಸಂಗಿಸಿದರು. ಹದಿನೇಳು ವರುಷದ ಎಲಿಜಬೆತಳು ಕೆಂಪು ದಾರದಿಂದ ಕಟ್ಟಿದ ನೇರಳೆ ಬಣ್ಣದ ಬೂಟುಗಳನ್ನು ಮೆಟ್ಟಿಕೊಂಡು ಅಲ್ಲಿ ಕೂತಿದ್ದಳು. ಮೊದಲು ಅವುಗಳ ಮೇಲೆಯೇ ಆಕೆಯ ಮನಸ್ಸಿತ್ತಂತೆ. ಆದರೆ ಪ್ರಸಂಗವು ಮುಂದುವರಿದಂತೆ ಹೃದಯವು ಕರಗಿ, ಆಕೆಯು ಮನೆಗೆ ಹೋಗುವ ದಾರಿಯಲ್ಲೆಲ್ಲಾ ಅತ್ತಳು. ತರುವಾಯ ಆಡಂಬರದ ಉಡುಪನ್ನು ಬಿಟ್ಟು ಸರಳವಾದ ಬಟ್ಟೆಯನ್ನು ತೊಟ್ಟಳು. ರೋಗಿಗಳ ಮನೆಗಳಿಗೆ ಹೋಗತೊಡಗಿದಳು. ಬಡಮಕ್ಕಳನ್ನು ಕೂಡಿಸಿ ಓದು ಕಲಿಸಿದಳು. ಒಬ್ಬ ಹುಡುಗನಿಂದ ಪ್ರಾರಂಭವಾದ ಆ ಪಾಠಶಾಲೆಯು ಸುಮಾರು ಎಪ್ಪತ್ತು ಮಕ್ಕಳಾಗುವಷ್ಟು ಬೆಳೆಯಿತು.

1800ನೆಯ ಇಸವಿ ಆಗಸ್ಟ್ 19ರಲ್ಲಿ ಜೋಸೆಫ್ ಫ್ರೈ ಎಂಬವರೊಡನೆ ವಿವಾಹವಾಗಿ ಲಂಡನ್ ಪಟ್ಟಣಕ್ಕೆ ಬಂದರು. ಕಾಲಕ್ರಮದಲ್ಲಿ ದೇವರು ಇವರಿಗೆ ಹನ್ನೊಂದು ಮಕ್ಕಳನ್ನು ದಯಪಾಲಿಸಿದನು. 1811ರಲ್ಲಿ ಅವರ ಸಮಾಜವು ಈ ಅಮ್ಮನವರನ್ನು ಬೋಧಕಿಯಾಗಿ ಅಂಗೀಕರಿಸಿತು.

1813ನೆಯ ಇಸವಿ ಚಳಿಗಾಲದಲ್ಲಿ ಸ್ಟೀಫನ್ ಗ್ರೆಲೆಟ್ ಎಂಬ ಬೋಧಕರು ಲಂಡನ್ನಿನ ನ್ಯೂಗೇಟ್ ಸೆರೆಮನೆಯನ್ನು ನೋಡಿ, ಅಲ್ಲಿಂದ ನೆಟ್ಟಗೆ ಫ್ರೈ ಅಮ್ಮನವರ ಮನೆಗೆ ಬಂದರು. ಸುಮಾರು ಮುನ್ನೂರು ಮಂದಿ ಹೆಂಗಸರು ತಮ್ಮ ಮಕ್ಕಳೊಡನೆ ಇಕ್ಕಟ್ಟಾದ ಕೋಣೆಗಳಲ್ಲಿ ತುಂಬಲ್ಪಟ್ಟಿದ್ದರು. ವಿಚಾರಣೆಯಾಗದವರೂ ಮರಣದಂಡನೆ ಹೊಂದಿದವರೂ ಒಂದೇ ನೆಲದ ಮೇಲೆ ಮಲಗುವರು. ಅಲ್ಲಿಯೇ ಅಡಿಗೆ, ಅಲ್ಲಿಯೇ ಹೆರಿಗೆ. ಸೆರೆಮನೆಯಲ್ಲಿ ಹುಟ್ಟಿದ ಕೂಸುಗಳು ಆ ಕಠಿಣವಾದ ಚಳಿಯಲ್ಲಿ ಬಹುಮಟ್ಟಿಗೆ ಬೆತ್ತಲೆಯಾಗಿದ್ದುದನ್ನು ಕಂಡು ಬಂದ ಗ್ರೆಲೆಟ್ ಅವರು ಅದನ್ನೆಲ್ಲಾ ಕಣ್ಣಿಗೆ ಕಟ್ಟುವಂತೆ ವಿವರಿಸಿದರು. ಆಗ ಫ್ರೈ ಅಮ್ಮನವರು ಎಂಟು ಮಕ್ಕಳ ತಾಯಿ; ಕಡೆಯದು ಇನ್ನೂ ಮೊಲೆಯುಣ್ಣುವ ಕೂಸು.

ಇದನ್ನು ಕೇಳಿ ಅವರು ದೀರ್ಘಾಲೋಚನೆ ಮಾಡುತ್ತ ಕೂಡ್ರಲಿಲ್ಲ. ಫ್ಲಾನೆಲ್ ಎಂಬ ಮೆತ್ತನೆಯ ಉಣ್ಣೆಬಟ್ಟೆಯನ್ನು ತರಿಸಿ, ನೆರೆಹೊರೆಯ ಗೆಳತಿಯರನ್ನು ಕರೆಕಳುಹಿಸಿ, ಎಲ್ಲರೂ ಕೂಡಿ ಕೂಸುಗಳ ಅಂಗಿಗಳನ್ನು ಹೊಲಿದರು. ಮಾರನೆಯ ದಿನ ಅನ್ನಾ ಬಕ್ಸ್‌ಟನ್ ಎಂಬ ಗೆಳತಿಯೊಡನೆ ಆ ಗಂಟನ್ನು ಹೊತ್ತು ಸೆರೆಮನೆಗೆ ಹೋದರು. ಕಾವಲುಗಾರರು ಒಳಗೆ ಹೋಗಬೇಡಿರೆಂದು ತಡೆದರು. ಆ ಹೆಂಗಸರು ಮೈಮೇಲೆ ಬೀಳುವರೆಂದು ಎಚ್ಚರಿಸಿದರು. ಆದರೂ ಇವರು ಒಳಗೆ ಹೋಗಿ, ಕೂಸುಗಳಿಗೆ ತಮ್ಮ ಕೈಗಳಿಂದಲೇ ಬಟ್ಟೆ ತೊಡಿಸಿದರು. ರೋಗಿಗಳು ಮಲಗುವದಕ್ಕೆ ಶುಭ್ರವಾದ ಹುಲ್ಲನ್ನು ತರಿಸಿಕೊಟ್ಟರು. ಆ ದಿನಗಳಲ್ಲಿ ಅಲ್ಲಿ ಕಂಡ ಒಂದು ನೋಟವನ್ನು ಅವರು ಎಂದಿಗೂ ಮರೆಯಲಿಲ್ಲ. ಸತ್ತುಹೋದ ಒಂದು ಕೂಸಿನ ಮೈಮೇಲಿನ ಬಟ್ಟೆಯನ್ನು ಇಬ್ಬರು ಹೆಂಗಸರು ಕಳಚಿ, ಬದುಕಿದ್ದ ಇನ್ನೊಂದು ಕೂಸಿಗೆ ತೊಡಿಸುತ್ತಿದ್ದರು. ಅವರನ್ನು ಕ್ರೂರರೆಂದು ಹೇಳುವವರು ಹೇಳಲಿ; ಬಟ್ಟೆಯಿಲ್ಲದ ತಾಯಿಯ ಸಂಕಟವೇ ಅಲ್ಲಿ ಕಾಣುತ್ತದೆಂದು ನಾವು ತಿಳಿಯುತ್ತೇವೆ.

ಇದಾದ ಮೇಲೆ ಸುಮಾರು ನಾಲ್ಕು ವರುಷಗಳ ವರೆಗೆ ಆ ಕೆಲಸವು ನಿಂತಿತು. ಹೆರಿಗೆ, ಅಸ್ವಸ್ಥತೆ, ಮನೆತನದ ಚಿಂತೆ ಇವುಗಳೊಡನೆ, ತಮ್ಮದೇ ಹೆಸರನ್ನಿಟ್ಟಿದ್ದ ಒಬ್ಬ ಚಿಕ್ಕ ಮಗಳ ಮರಣವೂ ಒದಗಿತು. ಮಗುವನ್ನು ಮಣ್ಣಿಗೆ ಕೊಟ್ಟ ಆ ತಾಯಿ 1816ನೆಯ ಇಸವಿಯ ಕ್ರಿಸ್ಮಸ್ ಕಾಲದಲ್ಲಿ ಪುನಃ ನ್ಯೂಗೇಟಿಗೆ ಹೋದರು. ಗಡಿಯಾರವನ್ನು ಹೊರಗೆ ಬಿಟ್ಟುಹೋಗಿರೆಂದು ಅಧಿಕಾರಿಗಳು ಹೇಳಿದರೂ ಅದಕ್ಕೆ ಒಪ್ಪದೆ ಒಳಹೊಕ್ಕು, ಅಲ್ಲಿದ್ದ ಒಂದು ಮಗುವನ್ನು ಎತ್ತಿಕೊಂಡು, ಈ ಮಕ್ಕಳಿಗೋಸ್ಕರ ನಾವೆಲ್ಲರೂ ಕೂಡಿ ಏನಾದರೂ ಮಾಡಬಾರದೇ ಎಂದು ಆ ತಾಯಂದಿರನ್ನೇ ಕೇಳಿದರು. ಬಯ್ಗುಳದ ಆ ಸ್ಥಳದಲ್ಲಿ ಮೌನವುಂಟಾಯಿತು. ಮಕ್ಕಳಿಗೆ ಪಾಠಶಾಲೆ ಆಗಬೇಕೆಂದು ತೀರ್ಮಾನವಾಯಿತು. ಗಡಿಯಾರ ಕದ್ದ ಅಪರಾಧಕ್ಕಾಗಿ ಸೆರೆಯಲ್ಲಿದ್ದ ಮೇರಿ ಕಾನರ್ ಎಂಬಾಕೆಯನ್ನು ಸೆರೆಯವರೇ ಉಪಾಧ್ಯಾಯಿನಿಯಾಗಿ ಆರಿಸಿಕೊಂಡರು.

ಸ್ವಲ್ಪ ಕಾಲದಲ್ಲಿಯೇ ದೊಡ್ಡವರು ಸಹ ತಮಗೂ ಕಲಿಸಬೇಕೆಂದು ಬೇಡಿಕೊಂಡರು. ಸೂಜಿದಾರಗಳನ್ನು ಇವರ ಕೈಗೆ ಕೊಟ್ಟರೆ ಕದ್ದುಬಿಡುವರು, ಕಚ್ಚಾಡುವರು ಎಂದು ತಿಳಿದವರೆಲ್ಲರೂ ಹೇಳಿದರು. ಆದಾಗ್ಯೂ 1817ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಹನ್ನೆರಡು ಮಂದಿ ಸ್ತ್ರೀಯರು ಒಂದು ಸಂಘವನ್ನು ಕಟ್ಟಿದರು. ನಿಯಮಗಳನ್ನು ಒಂದೊಂದಾಗಿ ಓದಿ, ಸೆರೆಯವರು ಕೈಯೆತ್ತಿ ಒಪ್ಪಿದ ಮೇಲೆಯೇ ಅವುಗಳನ್ನು ಜಾರಿಗೆ ತಂದರು. ದಿನವೂ ಸತ್ಯವೇದದ ಪಾರಾಯಣ, ಹೊಲಿಗೆ, ಹೆಣಿಗೆ; ಮಾಡಿದ ಕೆಲಸಕ್ಕೆ ಸ್ವಲ್ಪ ಕೂಲಿ. 1818ರಲ್ಲಿ ಫ್ರೈ ಅಮ್ಮನವರು ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದಾಗ ಆ ಹೆಂಗಸರ ಕೈಯಿಂದ ಸುಮಾರು 20,000 ಉಡುಪುಗಳು ಸಿದ್ಧವಾಗಿದ್ದವೆಂದೂ, ತಿಂಗಳಿಗೆ 60ರಿಂದ 100 ಜೊತೆ ಕಾಲುಚೀಲಗಳು ಹೆಣೆಯಲ್ಪಡುತ್ತಿದ್ದವೆಂದೂ ತಿಳಿಸಿದರು. ಸ್ತ್ರೀಯೊಬ್ಬಳು ಅಂಥಾ ಸಮಿತಿಯ ಮುಂದೆ ನಿಲ್ಲುವದು ಆ ಕಾಲದಲ್ಲಿ ಬಹು ಅಪೂರ್ವ. 1823ರಲ್ಲಿ ಆದ ಸೆರೆಮನೆಗಳ ಕಾಯಿದೆಯಲ್ಲಿ ಹೆಂಗಸರ ಕಾವಲಿಗೆ ಹೆಂಗಸರನ್ನೇ ನೇಮಿಸತಕ್ಕದ್ದೆಂದು ನಿಯಮವಾಯಿತು.

ಆ ದಿನಗಳಲ್ಲಿ ಅನೇಕ ಅಪರಾಧಿಗಳನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾ ಖಂಡಕ್ಕೆ ಗಡೀಪಾರು ಮಾಡುತ್ತಿದ್ದರು. ಸಂಕೋಲೆ ಹಾಕಿದ ಹೆಂಗಸರನ್ನು ತೆರೆದ ಬಂಡಿಗಳಲ್ಲಿ ತುಂಬಿ ಜನರ ಹಾಸ್ಯದ ನಡುವೆ ರೇವಿಗೆ ಸಾಗಿಸುವದು ವಾಡಿಕೆ. ಫ್ರೈ ಅಮ್ಮನವರು ಮುಚ್ಚಿದ ಗಾಡಿಗಳನ್ನು ಗೊತ್ತುಮಾಡಿಸಿ, ತಾವೂ ಅವರೊಡನೆ ರೇವಿನ ವರೆಗೆ ಹೋದರು. ಸಮುದ್ರಕ್ಕೆ ಅಂಜುತ್ತಿದ್ದ ಆಕೆಯೇ 1818ರಿಂದ ಹಿಡಿದು ನೂರಕ್ಕೂ ಹೆಚ್ಚು ಹಡಗುಗಳನ್ನು ಹತ್ತಿ, ಸುಮಾರು 12,000 ಸೆರೆಯವರನ್ನು ಕಂಡರು. ಅವರ ಸಂಘವು ಒಬ್ಬೊಬ್ಬಳಿಗೂ ಒಂದು ಚೀಲವನ್ನು ಕೊಡುತ್ತಿತ್ತು. ಅದರಲ್ಲಿ ಸತ್ಯವೇದ, ಸೂಜಿ, ದಾರ, ಕತ್ತರಿ ಇವುಗಳೊಡನೆ ಕೌದಿ ಹೊಲಿಯುವದಕ್ಕೆ ಬೇಕಾದ ಬಟ್ಟೆಯ ತುಂಡುಗಳೂ ಇರುತ್ತಿದ್ದವು. ತಿಂಗಳುಗಟ್ಟಲೆ ನಡೆಯುವ ಪ್ರಯಾಣದಲ್ಲಿ ಕೈಗೆ ಕೆಲಸವಿರಲಿ, ಇಳಿದ ಮೇಲೆ ಮಾರಿ ನಾಲ್ಕು ಕಾಸು ಮಾಡಿಕೊಳ್ಳಲಿ ಎಂಬದೇ ಅದರ ಉದ್ದೇಶ.

ಇವರ ಜೀವಿತವು ಜಯದಿಂದ ಜಯಕ್ಕೆ ಸಾಗಿತೆಂದು ಯಾರೂ ಎಣಿಸಬಾರದು. 1818ರಲ್ಲಿ ಹ್ಯಾರಿಯೆಟ್ ಸ್ಕೆಲ್ಟನ್ ಎಂಬಾಕೆಯು ಖೋಟಾ ನೋಟು ಚಲಾಯಿಸಿದ್ದಕ್ಕಾಗಿ ಮರಣದಂಡನೆಗೆ ಗುರಿಯಾದಾಗ ಅವರು ಎಷ್ಟು ಬೇಡಿಕೊಂಡರೂ ಕೇಳದೆ ಆಕೆಯನ್ನು ಗಲ್ಲಿಗೇರಿಸಿದರು. 1828ರಲ್ಲಿ ಗಂಡನ ಬ್ಯಾಂಕು ದಿವಾಳಿಯೆದ್ದಿತು. ಸಮಾಜವು ಆತನನ್ನು ಹೊರಗೆ ಹಾಕಿತು. ದೊಡ್ಡ ಮನೆಯನ್ನು ಬಿಟ್ಟು ಚಿಕ್ಕ ಮನೆಗೆ ಹೋಗಬೇಕಾಯಿತು. ತನ್ನ ಮಕ್ಕಳನ್ನು ಬಿಟ್ಟು ಊರ ಮಕ್ಕಳನ್ನು ನೋಡುತ್ತಾಳೆಂಬ ನಿಂದೆಯು ಹಿಂದಿನಿಂದಲೂ ಇತ್ತು. ಮಕ್ಕಳಲ್ಲಿ ಹಲವರು ತಾಯಿಯ ಸಮಾಜವನ್ನು ಬಿಟ್ಟು ಹೋದದ್ದು ಅವರಿಗೆ ಬಹು ದುಃಖವನ್ನುಂಟುಮಾಡಿತು. ಆದರೂ ಕೈಹಿಡಿದ ಕೆಲಸವನ್ನು ಅವರು ಬಿಡಲಿಲ್ಲ.

ಇನ್ನು ನಾವು ಹೇಳಬೇಕಾದದ್ದು ಒಂದು ಹೊದಿಕೆಯ ಸಂಗತಿ. 1841ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ರಾಜಾ ಎಂಬ ಹೆಸರಿನ ಹಡಗು 180 ಮಂದಿ ಸೆರೆಯ ಹೆಂಗಸರನ್ನು ಹೊತ್ತು ಇಂಗ್ಲೆಂಡನ್ನು ಬಿಟ್ಟಿತು. ಫ್ರೈ ಅಮ್ಮನವರ ಸಂಘದಿಂದ ಬಂದ ತುಂಡುಗಳನ್ನೂ ಸೂಜಿದಾರಗಳನ್ನೂ ತೆಗೆದುಕೊಂಡು, ಕೆಸಿಯಾ ಹೇಟರ್ ಎಂಬ ಯುವತಿಯ ಮೇಲ್ವಿಚಾರಣೆಯಲ್ಲಿ, ಆ ಹೆಂಗಸರಲ್ಲಿ ಕೆಲವರು ಹಡಗಿನ ಅಲುಗಾಟದ ನಡುವೆಯೇ ಒಂದು ದೊಡ್ಡ ಹೊದಿಕೆಯನ್ನು ಹೊಲಿದರು. ಅದರಲ್ಲಿ 2,815 ತುಂಡುಗಳಿವೆ. ಅಗಲವೂ ಉದ್ದವೂ ಹತ್ತು ಅಡಿಗಿಂತ ಹೆಚ್ಚು. ಜುಲೈ ತಿಂಗಳಲ್ಲಿ ಹಡಗು ಹೋಬಾರ್ಟ್ ಪಟ್ಟಣವನ್ನು ಮುಟ್ಟುವಷ್ಟರಲ್ಲಿ ಅದು ಸಿದ್ಧವಾಗಿತ್ತು. ಅವರು ಅದನ್ನು ಮಾರಿಕೊಳ್ಳಲಿಲ್ಲ. ತಮಗೆ ಉಪಕಾರ ಮಾಡಿದ ಸ್ತ್ರೀಯರಿಗೆ ಕೃತಜ್ಞತೆಯ ಗುರುತಾಗಿ ಇದನ್ನು ಕೊಡುತ್ತೇವೆ, ನಮ್ಮ ಕೈಗಳು ಸುಮ್ಮನಿರಲಿಲ್ಲ ಎಂಬ ಭಾವವುಳ್ಳ ಬರೆಹವನ್ನು ದಾರದಿಂದಲೇ ಅದರ ಅಂಚಿನಲ್ಲಿ ಬರೆದು ಕಾಣಿಕೆ ಮಾಡಿದರು. ಅದು ಈಗಲೂ ಆಸ್ಟ್ರೇಲಿಯಾ ದೇಶದ ರಾಷ್ಟ್ರೀಯ ಚಿತ್ರಶಾಲೆಯಲ್ಲಿ ಕಾಪಾಡಲ್ಪಟ್ಟಿದೆ. ಒಂದು ಕಾಲದಲ್ಲಿ ಸತ್ತ ಕೂಸಿನ ಬಟ್ಟೆಗೆ ಕೈಚಾಚಬೇಕಾದ ಗತಿಯಲ್ಲಿದ್ದಂಥವರು ಈಗ ಉಡುಗೊರೆ ಕೊಡುವವರಾದರು.

ಫ್ರೈ ಅಮ್ಮನವರು 1845ನೆಯ ಇಸವಿ ಅಕ್ಟೋಬರ್ 12ನೆಯ ತಾರೀಕಿನಲ್ಲಿ ಕರ್ತನಲ್ಲಿ ನಿದ್ರಿಸಿದರು. ಬಾರ್ಕಿಂಗ್ ಊರಿನಲ್ಲಿ ಅವರನ್ನು ಸಮಾಧಿಮಾಡುವಾಗ ಸಾವಿರಕ್ಕಿಂತ ಹೆಚ್ಚು ಮಂದಿ ಮೌನವಾಗಿ ನಿಂತಿದ್ದರು.

ಪ್ರಿಯ ವಾಚಕರೇ, ಯೊಪ್ಪದ ತಬಿಥಳು ವಿಧವೆಯರಿಗೆ ಮಾಡಿಕೊಟ್ಟ ಅಂಗಿಗಳನ್ನೂ, ಹನ್ನಳು ಸಮುವೇಲನಿಗಾಗಿ ವರುಷವರುಷವೂ ಹೊಲಿದ ಚಿಕ್ಕ ನಿಲುವಂಗಿಯನ್ನೂ ನಾವು ಸತ್ಯವೇದದಲ್ಲಿ ಓದುತ್ತೇವೆ. ಫ್ರೈ ಅಮ್ಮನವರು ಮೊದಲು ಬಟ್ಟೆಯನ್ನು ಕೊಟ್ಟರು. ಅಷ್ಟಕ್ಕೇ ತೃಪ್ತರಾಗದೆ ಸೂಜಿಯನ್ನೂ ಕೊಟ್ಟರು. ಬಟ್ಟೆಯು ಕೂಸನ್ನು ಬೆಚ್ಚಗಿಟ್ಟಿತು. ಸೂಜಿಯು ತಾಯಿಯ ತಲೆಯನ್ನು ಎತ್ತಿತು. ಆದಕಾರಣ ನಮ್ಮ ಸಭೆಗಳ ಸಹೋದರಿಯರು ಗೆಳತಿಯ ಕೂಸಿಗೆ ಹೊದಿಕೆಯನ್ನು ಹೆಣೆಯುವಾಗ, ಊರಿನಲ್ಲಿ ಯಾರೂ ಏನೂ ತಂದುಕೊಡದ ಬಾಣಂತಿಯು ಇದ್ದಾಳೋ ಎಂದು ವಿಚಾರಿಸಲಿ. ತವರಿಲ್ಲದವಳು, ಗಂಡನು ಸೆರೆಯಲ್ಲಿರುವವಳು, ಜನರ ಬಾಯಿಗೆ ಬಿದ್ದವಳು, ಇಂಥವಳ ಬಾಗಿಲಿಗೆ ಮೊದಲು ಹೋಗಲಿ. ಆಕೆಗೂ ಕಡ್ಡಿ ಹಿಡಿಯುವದನ್ನು ಕಲಿಸಿ, ಮುಂದಿನ ಕೂಸಿನ ಹೊದಿಕೆಗೆ ಆಕೆಯನ್ನೂ ಕೂಡಿಸಿಕೊಳ್ಳಲಿ. ದಾರವು ಮೆತ್ತಗಿರಲಿ, ಕೂಸಿನ ಬೆರಳು ಸಿಕ್ಕದಂತೆ ಹೆಣಿಗೆ ಬಿಗಿಯಾಗಿರಲಿ, ಕೊಡುವ ಮುಂಚೆ ಒಗೆದು ಒಣಗಿಸಲಿ, ಮಲಗಿಸುವಾಗ ಮುಖದ ಮೇಲೆ ಹೊದಿಸಬಾರದೆಂದು ತಾಯಿಗೆ ತಿಳಿಸಲಿ. ಬೆತ್ತಲೆಯಿದ್ದವರಿಗೆ ಹೊದಿಸಿದ್ದನ್ನು ತನಗೇ ಮಾಡಿದಂತೆ ಎಣಿಸುವ ಕರ್ತನು ಈ ಚಿಕ್ಕ ಕೆಲಸವನ್ನೂ ಅಂಗೀಕರಿಸುವನು.