ಸೈನಿಕರ ಉಸಿರಿಗಾಗಿ ತಾವೇ ವಿಷಗಾಳಿ ಸೇವಿಸಿದ ವಿಜ್ಞಾನಿ: ಗ್ಯಾಸ್ ಮಾಸ್ಕ್ ಹಿಂದಿನ ಜಾನ್ ಸ್ಕಾಟ್ ಹಾಲ್ಡೇನ್ ಯಾರು?

1915ರ ಏಪ್ರಿಲ್ 22, ಸಂಜೆ 5 ಗಂಟೆಯ ಸಮಯ. ಬೆಲ್ಜಿಯಂನ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೈನಿಕರು ಸಾವಿರಾರು ಸಿಲಿಂಡರ್‌ಗಳ ವಾಲ್ವ್ ತಿರುಗಿಸಿದರು. 150 ಟನ್‌ಗೂ ಹೆಚ್ಚು ಕ್ಲೋರಿನ್ ಹಸಿರು ಮಿಶ್ರಿತ ಹಳದಿ ಮೋಡದಂತೆ ನೆಲಕ್ಕಂಟಿಕೊಂಡು ಫ್ರೆಂಚ್ ಕಂದಕಗಳತ್ತ ಸಾಗಿತು. ಗುಂಡಿನಿಂದ ತಪ್ಪಿಸಿಕೊಳ್ಳಲು ತೋಡಿದ್ದ ಕಂದಕಗಳಲ್ಲೇ ಸೈನಿಕರು ಉಸಿರುಗಟ್ಟಿ ಸತ್ತರು. ಗಾಳಿಗಿಂತ ಭಾರವಾದ ಅನಿಲ ತಗ್ಗಿನಲ್ಲೇ ತುಂಬಿಕೊಳ್ಳುತ್ತದೆ ಎಂಬುದು ಅವರಿಗೆ ಹೇಗೆ ಗೊತ್ತಿರಬೇಕು?

ಕೆಲವೇ ದಿನಗಳಲ್ಲಿ ಬ್ರಿಟನ್‌ನ ಯುದ್ಧ ಸಚಿವ ಲಾರ್ಡ್ ಕಿಚನರ್ ಒಬ್ಬ ವಿಜ್ಞಾನಿಯನ್ನು ಕರೆಸಿಕೊಂಡು ಫ್ರಾನ್ಸ್‌ಗೆ ಕಳುಹಿಸಿದರು. ಅವರೇ ಜಾನ್ ಸ್ಕಾಟ್ ಹಾಲ್ಡೇನ್. ಆಗ ಅವರಿಗೆ ಸುಮಾರು 55 ವರ್ಷ. ಸೇನೆಯಲ್ಲಿ ಕೆಲಸ ಮಾಡಿದವರಲ್ಲ. ಆದರೆ ಮನುಷ್ಯ ಹೇಗೆ ಉಸಿರಾಡುತ್ತಾನೆ, ಕೆಟ್ಟ ಗಾಳಿ ಅವನನ್ನು ಹೇಗೆ ಕೊಲ್ಲುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಬ್ರಿಟನ್‌ನಲ್ಲಿ ಹೆಚ್ಚು ಮಂದಿ ಇರಲಿಲ್ಲ.

ಗಣಿಯಲ್ಲಿ ಕಲಿತ ಪಾಠ

1860ರಲ್ಲಿ ಸ್ಕಾಟ್ಲೆಂಡ್‌ನ ಎಡಿನ್‌ಬರೋದಲ್ಲಿ ಜನಿಸಿದ ಹಾಲ್ಡೇನ್, ಅಲ್ಲೇ ವೈದ್ಯಕೀಯ ಪದವಿ ಪಡೆದರು. ಆದರೆ ರೋಗಿಗಳನ್ನು ನೋಡುವ ವೈದ್ಯರಾಗಲಿಲ್ಲ. ಡಂಡೀ ನಗರದ ಬಡವರ ಇಕ್ಕಟ್ಟಾದ ಮನೆಗಳಿಗೆ ಹೋಗಿ ಒಳಗಿನ ಗಾಳಿಯ ಮಾದರಿ ಸಂಗ್ರಹಿಸಿ ಪರೀಕ್ಷಿಸಿದರು. ಮುಂದೆ ಆಕ್ಸ್‌ಫರ್ಡ್ ಅವರ ಕರ್ಮಭೂಮಿಯಾಯಿತು.

1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟ ಸಂಭವಿಸಿ 57 ಕಾರ್ಮಿಕರು ಸತ್ತರು. ಹಾಲ್ಡೇನ್ ಗಣಿಗೆ ಇಳಿದರು, ಶವಗಳನ್ನು ಪರಿಶೀಲಿಸಿದರು. ಬಹುಪಾಲು ಕಾರ್ಮಿಕರನ್ನು ಕೊಂದಿದ್ದು ಸ್ಫೋಟವಲ್ಲ, ಸ್ಫೋಟದ ನಂತರ ಹರಡಿದ ಕಾರ್ಬನ್ ಮೊನಾಕ್ಸೈಡ್ ಎಂಬುದು ಗೊತ್ತಾಯಿತು. ಬಣ್ಣವಿಲ್ಲ, ವಾಸನೆಯಿಲ್ಲ, ಸುಳಿವು ಕೊಡದೆ ಕೊಲ್ಲುವ ಅನಿಲ ಅದು.

ಅದನ್ನು ಪತ್ತೆ ಹಚ್ಚುವುದು ಹೇಗೆ? ಇಲಿ ಅಥವಾ ಕ್ಯಾನರಿ ಹಕ್ಕಿಯಂಥ ಪುಟ್ಟ ಜೀವಿಗಳನ್ನು ಜೊತೆಗೆ ಕೊಂಡೊಯ್ಯಿರಿ ಎಂದು ಹಾಲ್ಡೇನ್ ಸಲಹೆ ನೀಡಿದರು. ಸಣ್ಣ ದೇಹಕ್ಕೆ ವಿಷ ಬೇಗ ಏರುತ್ತದೆ. ಹಕ್ಕಿ ಕುಸಿದರೆ ಮನುಷ್ಯನಿಗೆ ಓಡಿಹೋಗಲು ಕೆಲವು ನಿಮಿಷ ಸಿಗುತ್ತದೆ. ಬ್ರಿಟನ್‌ನ ಗಣಿಗಳಲ್ಲಿ 1986ರವರೆಗೂ ಈ ಹಕ್ಕಿಗಳು ಬಳಕೆಯಲ್ಲಿದ್ದವು.

ಹಕ್ಕಿಯ ಮೇಲೆ ಹೊರೆ ಹಾಕಿ ತಾವು ದೂರ ನಿಂತವರಲ್ಲ ಹಾಲ್ಡೇನ್. ಪ್ರಯೋಗಾಲಯದಲ್ಲಿ ಕುಳಿತು ತಾವೇ ಕಾರ್ಬನ್ ಮೊನಾಕ್ಸೈಡ್ ಸೇವಿಸಿದರು. ತಮ್ಮ ರಕ್ತದ ಹಿಮೋಗ್ಲೋಬಿನ್‌ನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಆ ಅನಿಲ ಆಕ್ರಮಿಸುವವರೆಗೂ ಕೈಬಿಡಲಿಲ್ಲ. ಒಮ್ಮೆ ಬಾಲಕನಾಗಿದ್ದ ಮಗ ಜ್ಯಾಕ್‌ನನ್ನೂ ಗಣಿಗೆ ಕರೆದೊಯ್ದು, ಮೀಥೇನ್ ತುಂಬಿದ ಜಾಗದಲ್ಲಿ ಎದ್ದು ನಿಂತು ಶೇಕ್ಸ್‌ಪಿಯರ್ ನಾಟಕದ ಭಾಷಣ ಒಪ್ಪಿಸಲು ಹೇಳಿದರು. ಹುಡುಗ ಅರ್ಧದಲ್ಲೇ ಕುಸಿದ. ನೆಲಕ್ಕೆ ಬಿದ್ದ ಮೇಲೆ ಸಲೀಸಾಗಿ ಉಸಿರಾಡಿದ. ಮೀಥೇನ್ ಗಾಳಿಗಿಂತ ಹಗುರ, ಮೇಲೆಯೇ ನಿಲ್ಲುತ್ತದೆ ಎಂಬ ಪಾಠ ಅವನಿಗೆ ಜೀವನಪೂರ್ತಿ ಮರೆಯಲಿಲ್ಲ.

ಹತ್ತಿಯ ತುಂಡು ತಂದ ಅಪಾಯ

ಫ್ರಾನ್ಸ್‌ನಲ್ಲಿ ಹಾಲ್ಡೇನ್ ಮೊದಲು ಮಾಡಿದ್ದು ಆಸ್ಪತ್ರೆಗಳಿಗೆ ಭೇಟಿ. ಏದುಸಿರು ಬಿಡುತ್ತಿದ್ದ, ಮುಖ ನೀಲಿಗಟ್ಟಿದ್ದ ಕೆನಡಾದ ಸೈನಿಕರನ್ನು ನೋಡಿದರು. ಮೃತಪಟ್ಟವರ ಶ್ವಾಸಕೋಶಗಳ ತುಂಬ ನೀರು ತುಂಬಿತ್ತು. ಇದು ಕ್ಲೋರಿನ್‌ನದೇ ಕೆಲಸ ಎಂದು ಸರ್ಕಾರಕ್ಕೆ ವರದಿ ಕೊಟ್ಟರು. ಆ ವರದಿ ಏಪ್ರಿಲ್ ಮುಗಿಯುವ ಮೊದಲೇ ಪತ್ರಿಕೆಗಳಲ್ಲಿ ಪ್ರಕಟವಾಯಿತು.

ಅದೇ ದಿನಗಳಲ್ಲಿ ಭಾರತೀಯ ಸೈನಿಕರೂ ಈ ವಿಷಗಾಳಿಗೆ ಸಿಲುಕಿದರು. ಏಪ್ರಿಲ್ 26ರಂದು ಈಪ್ರ್ ಬಳಿ ಪ್ರತಿದಾಳಿಗೆ ಇಳಿದ ಲಾಹೋರ್ ಡಿವಿಷನ್ ಮೇಲೆ ಜರ್ಮನ್ನರು ಮತ್ತೆ ಕ್ಲೋರಿನ್ ಬಿಟ್ಟರು. ಆ ಗೊಂದಲದ ನಡುವೆ ಗಾಯಾಳು ಅಧಿಕಾರಿಗಳನ್ನು ಹೊತ್ತು ತಂದ ಜಮಾದಾರ್ ಮೀರ್ ದಸ್ತ್‌ಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಆದರೆ ಆ ಅನಿಲ ಅವರ ಆರೋಗ್ಯವನ್ನೂ ಹಾಳು ಮಾಡಿತು.

ಇತ್ತ ಲಂಡನ್‌ನಲ್ಲಿ ಆತುರ. ಹತ್ತಿಯ ಪ್ಯಾಡ್ ಹೊಲಿದು ಕಳುಹಿಸುವಂತೆ ಪತ್ರಿಕೆಯೊಂದು ಮಹಿಳೆಯರಿಗೆ ಮನವಿ ಮಾಡಿತು. ಕೆಲವೇ ಗಂಟೆಗಳಲ್ಲಿ ಸಾವಿರಾರು ಪ್ಯಾಡ್‌ಗಳು ಸಿದ್ಧವಾದವು. ಹೊಲಿದವರ ಕಾಳಜಿ ದೊಡ್ಡದು. ಆದರೆ ಒಣ ಹತ್ತಿ ಕ್ಲೋರಿನ್ ಅನ್ನು ತಡೆಯುವುದಿಲ್ಲ. ಒದ್ದೆಯಾದರೆ ಹತ್ತಿ ಗಟ್ಟಿಯಾಗಿ ಅಂಟಿಕೊಂಡು ಉಸಿರನ್ನೇ ಕಟ್ಟುತ್ತದೆ. ರಕ್ಷಣೆ ಇದೆ ಎಂದು ನಂಬಿ ನಿಂತವನು, ಏನೂ ಇಲ್ಲವೆಂದು ಓಡಿದವನಿಗಿಂತ ಮೊದಲು ಸಾಯುತ್ತಾನೆ. ಹಾಲ್ಡೇನ್‌ಗೆ ಚಿಂತೆ ಹತ್ತಿದ್ದು ಇಲ್ಲೇ.

ಮನೆಯೇ ಪ್ರಯೋಗಾಲಯ

ಆಕ್ಸ್‌ಫರ್ಡ್‌ನ ತಮ್ಮ ಮನೆಯಲ್ಲೇ ಹಾಲ್ಡೇನ್ ಪ್ರಯೋಗಕ್ಕೆ ಇಳಿದರು. ಮನೆಯವರು ಸ್ಕಾರ್ಫ್, ಹಳೆ ಬಟ್ಟೆ ಹರಿದುಕೊಟ್ಟರು. ಮುಚ್ಚಿದ ಕೋಣೆಯೊಳಗೆ ಕ್ಲೋರಿನ್ ಬಿಟ್ಟುಕೊಂಡು, ಒಂದೊಂದೇ ಬಟ್ಟೆ, ಒಂದೊಂದೇ ರಾಸಾಯನಿಕವನ್ನು ಮೂಗಿಗೆ ಹಿಡಿದು ನೋಡಿದರು. ಫ್ರಾನ್ಸ್‌ನಲ್ಲೂ ಇಂಥದ್ದೇ ಪರೀಕ್ಷೆ ನಡೆಯಿತು. ಆಗ ಸೇನೆಯಲ್ಲಿದ್ದ ಮಗ ಜ್ಯಾಕ್‌ನನ್ನು ಕಂದಕದಿಂದ ಅದಕ್ಕೇ ಕರೆಸಿಕೊಂಡರು. ಮಾಸ್ಕ್ ಹಾಕಿಕೊಂಡು, ಹಾಕಿಕೊಳ್ಳದೆ, ಶ್ರಮದ ಕೆಲಸ ಮಾಡುತ್ತಾ ಅವರೆಲ್ಲ ಕ್ಲೋರಿನ್ ಸೇವಿಸಿದರು. ಸುಮ್ಮನೆ ಕುಳಿತವನಿಗೆ ಸಾಲುವ ಮಾಸ್ಕ್, ಓಡುವ ಸೈನಿಕನಿಗೆ ಸಾಲದು ಎಂಬುದನ್ನು ತಿಳಿಯಲು ಬೇರೆ ದಾರಿ ಇರಲಿಲ್ಲ.

ಪರಿಹಾರ ಸರಳವಾಗಿತ್ತು. ಫೋಟೊ ಸ್ಟುಡಿಯೊಗಳ ಡಾರ್ಕ್‌ರೂಮ್‌ನಲ್ಲಿ ಬಳಸುವ ಹೈಪೊ, ಅಂದರೆ ಸೋಡಿಯಂ ಥಯೋಸಲ್ಫೇಟ್, ಕ್ಲೋರಿನ್ ಅನ್ನು ನಿರಪಾಯಕಾರಿಯಾಗಿ ಬದಲಿಸುತ್ತದೆ. ಅದಕ್ಕೆ ವಾಷಿಂಗ್ ಸೋಡಾ, ಒಣಗದಿರಲಿ ಎಂದು ಗ್ಲಿಸರಿನ್ ಬೆರೆಸಿ, ಆ ದ್ರಾವಣದಲ್ಲಿ ನೆನೆಸಿದ ಹತ್ತಿಯನ್ನು ಕಪ್ಪು ಬಟ್ಟೆಯಲ್ಲಿ ಕಟ್ಟಿ ಮುಖಕ್ಕೆ ಬಿಗಿಯುವ ಮಾಸ್ಕ್ 1915ರ ಮೇ ತಿಂಗಳಲ್ಲಿ ಸೈನಿಕರ ಕೈ ಸೇರಿತು. ಹತ್ತಿಯೇನೋ ಅದೇ, ಆದರೆ ಈಗ ಅದರ ಹಿಂದೆ ಪರೀಕ್ಷೆ ಇತ್ತು.

ಹಾಲ್ಡೇನ್‌ಗೆ ಆ ಮೇ ತಿಂಗಳು ಕಹಿಯನ್ನೂ ತಂದಿತು. ಅವರ ಅಣ್ಣ ರಿಚರ್ಡ್ ಹಾಲ್ಡೇನ್ ಆಗ ಸರ್ಕಾರದಲ್ಲಿ ಲಾರ್ಡ್ ಚಾನ್ಸಲರ್. ಜರ್ಮನ್ ತತ್ವಶಾಸ್ತ್ರದ ಮೇಲಿನ ಅವರ ಪ್ರೀತಿಯನ್ನೇ ದೇಶದ್ರೋಹ ಎಂಬಂತೆ ಪತ್ರಿಕೆಗಳು ಬಿಂಬಿಸಿದವು. ಹೊಸ ಸಮ್ಮಿಶ್ರ ಸರ್ಕಾರದಲ್ಲಿ ಅವರಿಗೆ ಸ್ಥಾನ ಸಿಗಲಿಲ್ಲ. ತಮ್ಮ ಸೈನಿಕರಿಗಾಗಿ ವಿಷ ಸೇವಿಸುತ್ತಿದ್ದರೆ, ಅಣ್ಣನನ್ನು ಶತ್ರುವಿನ ಸ್ನೇಹಿತ ಎಂದು ಕರೆಯಲಾಗುತ್ತಿತ್ತು.

ಒಂದು ಮಾಸ್ಕ್ ಸಾಲದಾದಾಗ

ಕ್ಲೋರಿನ್‌ಗೆ ಉತ್ತರ ಸಿಕ್ಕಿತು ಎನ್ನುವಷ್ಟರಲ್ಲಿ ಹೊಸ ವಿಷ ಬಂತು. 1915ರ ಡಿಸೆಂಬರ್‌ನಲ್ಲಿ ಫಾಸ್ಜೀನ್, 1917ರ ಜುಲೈನಲ್ಲಿ ಚರ್ಮವನ್ನೇ ಸುಡುವ ಮಸ್ಟರ್ಡ್ ಗ್ಯಾಸ್. ಹೈಪೊ ಇವಕ್ಕೆ ಉತ್ತರವಾಗಿರಲಿಲ್ಲ. 1916ರಲ್ಲಿ ಬಂದ ಇದ್ದಿಲು ತುಂಬಿದ ಡಬ್ಬಿಯ ಮಾಸ್ಕ್, ಇಂದಿನ ಗ್ಯಾಸ್ ಮಾಸ್ಕ್‌ನ ಹತ್ತಿರದ ಪೂರ್ವಜ. ಬ್ರಿಟನ್ ಕೂಡ ಸುಮ್ಮನಿರಲಿಲ್ಲ. 1915ರ ಸೆಪ್ಟೆಂಬರ್‌ನಲ್ಲಿ ಲೂಸ್ ಕದನದಲ್ಲಿ ತಾನೂ ಕ್ಲೋರಿನ್ ಬಿಟ್ಟಿತು.

ಹಾಲ್ಡೇನ್ ಗಮನ ಬದುಕುಳಿದವರತ್ತ ಹೊರಳಿತು. ಶ್ವಾಸಕೋಶ ಹಾಳಾದವರಿಗೆ ಆಗೊಮ್ಮೆ ಈಗೊಮ್ಮೆ ಆಕ್ಸಿಜನ್ ಕೊಟ್ಟರೆ ಉಪಯೋಗವಿಲ್ಲ, ಅಳತೆ ಮಾಡಿ ನಿರಂತರವಾಗಿ ಕೊಡಬೇಕು ಎಂದು ಅವರು 1917ರಲ್ಲಿ ವಿವರಿಸಿದರು. ಅದಕ್ಕಾಗಿ ಮಾಸ್ಕ್ ಮತ್ತು ಚೀಲ ಇರುವ ಉಪಕರಣವನ್ನೂ ರೂಪಿಸಿದರು. ಕೋವಿಡ್ ದಿನಗಳಲ್ಲಿ ಆಕ್ಸಿಜನ್ ಸಿಲಿಂಡರ್‌ಗಾಗಿ ಪರದಾಡಿದ ನಮ್ಮ ನಗರಗಳ ಜನರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಸತ್ತವರು ಸುಮಾರು 90 ಸಾವಿರ ಎಂದು ಸಾಮಾನ್ಯವಾಗಿ ಅಂದಾಜಿಸಲಾಗುತ್ತದೆ. 1925ರ ಜಿನೀವಾ ಒಪ್ಪಂದ ಯುದ್ಧದಲ್ಲಿ ಇಂಥ ಅನಿಲಗಳ ಬಳಕೆಯನ್ನು ನಿಷೇಧಿಸಿತು. ರಾಸಾಯನಿಕ ಅಸ್ತ್ರಗಳ ತಯಾರಿಕೆ, ಸಂಗ್ರಹಗಳನ್ನೂ ನಿಷೇಧಿಸುವ ಒಪ್ಪಂದ ಜಾರಿಗೆ ಬಂದಿದ್ದು 1997ರಲ್ಲಿ. ಅದಕ್ಕೆ ಸಹಿ ಹಾಕಿದ ಭಾರತ, ತನ್ನಲ್ಲಿದ್ದ ಸಂಗ್ರಹವನ್ನು 2009ರಲ್ಲಿ ಸಂಪೂರ್ಣವಾಗಿ ನಾಶಪಡಿಸಿತು.

ಕೊನೆಯವರೆಗೂ ಅದೇ ದಾರಿ

ಎಪ್ಪತ್ತೈದರ ವಯಸ್ಸಿನಲ್ಲೂ ಹಾಲ್ಡೇನ್ ಸುಮ್ಮನೆ ಕೂರಲಿಲ್ಲ. ತೈಲ ಸಂಸ್ಕರಣಾಗಾರಗಳ ಕಾರ್ಮಿಕರು ಬಿಸಿಲಿನ ಆಘಾತಕ್ಕೆ ತುತ್ತಾಗುವುದೇಕೆ ಎಂದು ತಿಳಿಯಲು ಪರ್ಷಿಯಾಕ್ಕೆ ಹೋದರು. ಅಲ್ಲಿಂದ ಮರಳಿದ ಬಳಿಕ ನ್ಯುಮೋನಿಯಾ ತಗುಲಿ 1936ರ ಮಾರ್ಚ್‌ನಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಿಧನರಾದರು. ಜೀವನವಿಡೀ ಬೇರೆಯವರ ಉಸಿರಿಗಾಗಿ ದುಡಿದವರನ್ನು ಕೊನೆಗೆ ಕೊಂಡೊಯ್ದದ್ದು ಶ್ವಾಸಕೋಶದ ಕಾಯಿಲೆಯೇ.

ಗಣಿಯಲ್ಲಿ ಕುಸಿದಿದ್ದ ಆ ಹುಡುಗ ಜ್ಯಾಕ್, ಮುಂದೆ ಪ್ರಸಿದ್ಧ ತಳಿವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಆದರು. 1957ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಪೌರತ್ವ ಪಡೆದರು. 1964ರಲ್ಲಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದರು.

ತಂದೆ ಬಿಟ್ಟುಹೋದ ಪಾಠ ಇಂದಿಗೂ ಹಳತಾಗಿಲ್ಲ. ಯುದ್ಧಭೂಮಿಯಿರಲಿ, ಕಾರ್ಖಾನೆಯಿರಲಿ, ವಿಷ ಯಾವುದು, ಅದು ದೇಹದೊಳಗೆ ಏನು ಮಾಡುತ್ತದೆ ಎಂದು ಮೊದಲು ತಿಳಿಯಬೇಕು. ಪರೀಕ್ಷಿಸದ ಮಾಸ್ಕ್ ಕೊಡುವುದು ಬರೀ ಧೈರ್ಯ. ಧೈರ್ಯವೊಂದೇ ಕ್ಲೋರಿನ್ ಅನ್ನು ತಡೆಯುವುದಿಲ್ಲ.